ಭಾವ ಬಿಚ್ಚಿದ ಗಾಡಿ

ನನ್ನ ಭಾವನಿಗೆ ಒಂದು ಕೆಲಸ ಮಾಡಬೇಡಿ ಎಂದು ಹೇಳುವುದೂ ಒಂದೇ, ಮಾಡಿ ಎಂದು ಕೈಮುಗಿದು ಬೇಡಿಕೊಳ್ಳುವುದೂ ಒಂದೇ. "ಸಾರ್, ಇದನ್ನ ಮಾತ್ರ ಮನೇಲಿ ಬಿಚ್ಚೋಕೆ ಹೋಗ್ಬೇಡಿ" ಎಂದು ಮೆಕ್ಯಾನಿಕ್ ಹೇಳಿದ ಕ್ಷಣದಲ್ಲೇ ಅಕ್ಕನ ಗಾಡಿಯ ಹಣೆಬರಹ ತೀರ್ಮಾನವಾಗಿಹೋಯಿತು.

ಅಕ್ಕ ಪಶುವೈದ್ಯೆ. ಗುಡ್ಡದ ಕೊಟ್ಟಿಗೆಗಳಿಗೆ ಹತ್ತಿ ಇಳಿಯುವವಳಿಗೆ ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಬೇಕು. ಅವಳದು ಇಪ್ಪತ್ತಾರು ವರ್ಷದ ಮುದಿ ಫೋರ್ ವೀಲ್. ಭಾವ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಕಪ್ಪುಹಲಗೆಯ ಮೇಲೆ ಅವರು ಸರಿಪಡಿಸದ ಯಂತ್ರವಿಲ್ಲ. ನಾನು ಅದೇ ಮನೆಯ ಮಹಡಿಯಲ್ಲಿರುವ ದರ್ಜಿ, ಅಕ್ಕನ ತಮ್ಮ. ಹಾಗಾಗಿ ಟಾರ್ಚ್ ಹಿಡಿಯುವ ಗೌರವ ನನ್ನ ಪಾಲಿಗೆ ಬಂತು.

ಗಾಡಿಯ ಹಿಂಭಾಗದಿಂದ ಒಂದು ತಿಂಗಳಿಂದ ಗೊಂಯ್ ಎನ್ನುವ ಶಬ್ದ. ಹಿಂದಿನ ಎರಡು ಚಕ್ರಗಳ ನಡುವೆ ಕುಂಬಳಕಾಯಿಯಂತೆ ಉಬ್ಬಿಕೊಂಡಿರುತ್ತದಲ್ಲ, ಎಂಜಿನ್ನಿನ ತಿರುವನ್ನು ಆ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ಲು, ಅದರೊಳಗಿನ ಬೇರಿಂಗ್ ಸವೆದಿದೆ, ಮೂರು ದಿನ ಬಿಟ್ಟುಹೋಗಿ ಎಂದ ಮೆಕ್ಯಾನಿಕ್.

"ಮೂರು ದಿನ ಯಾಕೆ? ಶನಿವಾರ ಬಿಚ್ಚಿ ಭಾನುವಾರ ಜೋಡಿಸಿದ್ರಾಯ್ತು" ಎಂದರು ಭಾವ.

ಯಾವ ಭಾನುವಾರ ಎಂದು ನಾವು ಕೇಳಲಿಲ್ಲ. ತಪ್ಪು ನಮ್ಮದೇ.

ಮೊದಲ ಶನಿವಾರ ಗಾಡಿ ನಾಲ್ಕು ಮರದ ದಿಮ್ಮಿಗಳ ಮೇಲೆ ಕೂತಿತು. ಕೊಳೆತ ಮೊಟ್ಟೆಯ ವಾಸನೆಯ ಕರಿ ಎಣ್ಣೆ ಬಸಿದು ಅಕ್ಕನ ಸ್ಟೀಲ್ ಬೋಗುಣಿಗೆ ಬಂತು. ಎರಡನೆಯ ವಾರ ಕುಂಬಳಕಾಯಿ ಊಟದ ಮೇಜಿನ ಮೇಲೆ ಪ್ರತಿಷ್ಠಾಪನೆಯಾಯಿತು. ಅಲ್ಲಿಂದ ನಾವೆಲ್ಲ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವುದನ್ನು ಕಲಿತೆವು. ಅಕ್ಕ ಹಾಲಿನ ಡೇರಿಯವರಿಂದ ಸ್ಕೂಟರ್ ಕೇಳಿ ತಂದು, ಔಷಧದ ಚೀಲವನ್ನು ಕಾಲ ಸಂದಿಯಲ್ಲಿ ಸಿಕ್ಕಿಸಿಕೊಂಡು ಓಡಾಡತೊಡಗಿದಳು. ಗುಡ್ಡದ ಕಡಿದಾದ ಕಡೆ ಇಳಿದು ತಳ್ಳುತ್ತಿದ್ದಳು. ಬಾಯಿ ಬಿಟ್ಟು ಒಂದು ಮಾತಾಡಲಿಲ್ಲ.

ನಾಲ್ಕನೆಯ ವಾರ ಮಾತ್ರ ಅವಳ ತಾಳ್ಮೆಯ ಕಟ್ಟೆಯೊಡೆಯಿತು. ಬೇರಿಂಗ್ ಬಿಸಿಯಾದರೆ ಹಿಗ್ಗುತ್ತದೆ, ಅದು ಕೂರಬೇಕಾದ ದಂಡ ತಣ್ಣಗಾದರೆ ಕುಗ್ಗುತ್ತದೆ. ಇದು ಒಂಬತ್ತನೆಯ ಕ್ಲಾಸಿನ ಪಾಠ. ಹೊಸ ಬೇರಿಂಗು ಓವನ್ನಿಗೆ ಹೋಯಿತು. ದಂಡ ಫ್ರಿಜ್ಜಿಗೆ ಹೋಯಿತು. ಫ್ರಿಜ್ಜಿನಲ್ಲಿದ್ದ ಲಸಿಕೆಗಳು, ಜಾಗ ಸಾಲದೆ, ಕಿಟಕಿಯ ಬಿಸಿಲಿಗೆ ಹೋದವು.

"ಅಷ್ಟೂ ಹಾಳು! ಇನ್ನು ಹಸುಗಳಿಗೆ ನಿಮ್ಮ ಬೇರಿಂಗ್ ಚುಚ್ಲಾ?" ಎಂದು ಅಕ್ಕ ಕೂಗಿದ್ದು ಬೀದಿಯ ಕೊನೆಯವರೆಗೂ ಕೇಳಿಸಿತಂತೆ.

ಭಾವ ತಲೆ ತಗ್ಗಿಸಿ ನಿಂತರು. ಆದರೆ ಬೇರಿಂಗ್ ಟಕ್ಕನೆ ಕೂತುಬಿಟ್ಟಿತ್ತು. ತಗ್ಗಿದ ಮುಖದಲ್ಲಿ ಅವರು ನಗು ತಡೆದುಕೊಳ್ಳುತ್ತಿದ್ದದ್ದು ನನಗೆ ಕಂಡಿತು.

ಆರನೆಯ ಭಾನುವಾರ ಬೆಳಿಗ್ಗೆ ಭಾವನೂ ನಾನೂ ಗಾಡಿಯಡಿ ಅಂಗಾತ ಮಲಗಿ, ಕುಂಬಳಕಾಯಿಯ ಭಾರವನ್ನು ಎದೆಯ ಮೇಲೆ ಹೊತ್ತು ಮೇಲೆತ್ತಿದೆವು. ಅದಕ್ಕೆ ದುಂಡು ಮುಖ, ಸುತ್ತ ಸಮನಾಗಿ ಹತ್ತು ಬೋಲ್ಟು.

"ಭಾವ, ಇದಕ್ಕೆ ಮೇಲು ಕೆಳಗು ಅಂತ ಇಲ್ವಾ?"

"ಹತ್ತೂ ತೂತು ಸೇರಿದ್ಯಲ್ಲ, ಇನ್ನೇನು? ಇದೇನು ನಿನ್ನ ಶರ್ಟಿನ ತೋಳು ಅಂದ್ಕೊಂಡ್ಯಾ?"

ನನ್ನ ಎದೆಯ ಮೇಲೆ ಕಬ್ಬಿಣವಿತ್ತು. ವಾದ ಬೆಳೆಸುವ ಉಸಿರು ಉಳಿದಿರಲಿಲ್ಲ.

ಕೆಲಸ ಮುಗಿದ ಸಂಭ್ರಮಕ್ಕೆ ಭಾವ ಎರಡು ಕೆಲಸ ಮಾಡಿದರು. ಡೇರಿಯ ಸ್ಕೂಟರನ್ನು ತಾವೇ ಹೋಗಿ ಒಪ್ಪಿಸಿ ಬಂದರು. ಬರುವಾಗ ಮೆಕ್ಯಾನಿಕ್ಕನ್ನು ಪರೀಕ್ಷಾ ಓಟ ನೋಡಲು ಕರೆತಂದರು. ಅವನು ಕಾಂಪೌಂಡ್ ಗೋಡೆಯ ಮೇಲೆ ಕೂತು ಚಹಾ ಕುಡಿದ. ಭಾವ ಗತ್ತಿನಿಂದ ಹತ್ತಿ, ಫಸ್ಟ್ ಗೇರ್ ಹಾಕಿ, ಗೇಟಿನ ಕಡೆ ನೋಡುತ್ತ ಕ್ಲಚ್ ಬಿಟ್ಟರು. ಗಾಡಿ ಹಿಂದಕ್ಕೆ ಹೋಗಿ ಬಟ್ಟೆ ಒಣಹಾಕಿದ ತಂತಿಯನ್ನು ಕಿತ್ತುಕೊಂಡಿತು.

"ರಿವರ್ಸ್ ಬಿದ್ದಿದೆ ಸಾರ್" ಎಂದ ಮೆಕ್ಯಾನಿಕ್.

ಭಾವ ಮತ್ತೆ ಫಸ್ಟ್ ಹಾಕಿದರು. ಮತ್ತೆ ಹಿಂದಕ್ಕೆ. ರಿವರ್ಸ್ ಹಾಕಿದರು, ಅಕ್ಕನ ನೈಟಿಯನ್ನು ಬಾನೆಟ್ಟಿನ ಮೇಲೆ ಹೊದ್ದ ಗಾಡಿ ಗಂಭೀರವಾಗಿ ಮುಂದಕ್ಕೆ ಬಂತು.

"ಫೋರ್ ವೀಲ್ ಹಾಕಿದ್ರೆ ಸರಿಹೋಗುತ್ತೆ" ಎಂದು ಭಾವ ಮತ್ತೆ ಫಸ್ಟ್ ಗೇರಿಗೆ ಬಂದು ಸಣ್ಣ ಲಿವರ್ ಎಳೆದರು. ಈಗ ಮುಂದಿನ ಚಕ್ರಗಳು ಮುಂದಕ್ಕೆ, ಹಿಂದಿನವು ಹಿಂದಕ್ಕೆ. ಗಾಡಿ ನಿಂತಲ್ಲೇ ಗುದ್ದಾಡಿ, ಎರಡು ಸಲ ಕುಪ್ಪಳಿಸಿ, ಪ್ರಾಣ ಬಿಟ್ಟಿತು.

ಮೆಕ್ಯಾನಿಕ್ ನಗಲಿಲ್ಲ. ಎಣ್ಣೆಬಟ್ಟೆಯಿಂದ ಮುಖವನ್ನು ಬಹಳ ಹೊತ್ತು ಒರೆಸಿಕೊಂಡ. "ತಲೆಕೆಳಗು ಕೂರ್ಸಿದೀರಿ ಸಾರ್. ಅದಕ್ಕೇ ಹಿಂದಿನ ಚಕ್ರ ಉಲ್ಟಾ ತಿರುಗ್ತಿವೆ. ಈಗ ನಿಮಗೆ ಹಿಂದಕ್ಕೆ ಹೋಗೋಕೆ ನಾಲ್ಕು ಗೇರು, ಮುಂದಕ್ಕೆ ಒಂದು."

ಅಷ್ಟರಲ್ಲಿ ಅಕ್ಕನ ಫೋನ್ ಬಡಿದುಕೊಂಡಿತು. ಮೂರು ಕಿಲೋಮೀಟರ್ ದೂರದಲ್ಲಿ ಒಂದು ಹಸುವಿಗೆ ಬೆಳಗಿನಿಂದ ಹೆರಿಗೆ ನೋವು, ಕರು ಬರುತ್ತಿಲ್ಲ. ಅಕ್ಕ ಸ್ಕೂಟರ್ ನಿಲ್ಲುತ್ತಿದ್ದ ಜಾಗ ನೋಡಿದಳು. ಆಮೇಲೆ ಭಾವನನ್ನು ನೋಡಿದಳು. ಭಾವ ಆಕಾಶ ನೋಡಿದರು.

"ಒಂದು ಗೇರಿದೆಯಲ್ಲ, ಸಾಕು" ಎಂದು ಅಕ್ಕ ಬಾನೆಟ್ಟಿನ ನೈಟಿ ಎಳೆದು ನನ್ನ ಕೈಗೆ ಕೊಟ್ಟು, ಸ್ಟೀರಿಂಗ್ ಹಿಡಿದಳು. "ಹೋಗಬಹುದೇನಪ್ಪಾ?"

"ನಿಧಾನಕ್ಕೆ ಹೋಗಿ ಮೇಡಂ. ಫೋರ್ ವೀಲ್ ಮುಟ್ಬೇಡಿ" ಎಂದ ಮೆಕ್ಯಾನಿಕ್.

ಭಾವ ಪಕ್ಕದಲ್ಲಿ, ನಾನು ಹಿಂದೆ. ರಿವರ್ಸ್ ಗೇರಿನಲ್ಲಿ, ಹಿಂದಿನ ಬಿಳಿ ದೀಪ ಉರಿಸಿಕೊಂಡು, ನಾವು ಮುಂದಕ್ಕೆ ಹೊರಟೆವು. ಈ ಗಾಡಿ ಈಗ ಹಿಂದೆ ಬರುತ್ತದೆಂದು ಹೆದರಿ ಬಸ್ಸಿನವನೂ ದೂರವೇ ಉಳಿದ. ಒಬ್ಬ ಮುದುಕಪ್ಪ ವಾಕಿಂಗ್ ಮಾಡುತ್ತ ನಮ್ಮನ್ನು ದಾಟಿ ಹೋದ. ಭಾವ ಕಿಟಕಿಯ ಗಾಜು ಏರಿಸಿಕೊಂಡರು.

ಕೊಟ್ಟಿಗೆಯಲ್ಲಿ ಅಕ್ಕ ಭುಜದವರೆಗೆ ಕೈಗವಸು ತೊಟ್ಟು ಒಳಗೆ ಕೈಹಾಕಿ, ಕರುವಿನ ಮಡಚಿದ ಕಾಲನ್ನು ಬಿಡಿಸಿ ಹಗ್ಗ ಕಟ್ಟಿದಳು. "ಹಗ್ಗ ಹಿಡೀರಿ. ನಾನು ಹೇಳಿದಾಗ ಮಾತ್ರ ಎಳೀರಿ. ನಿಮ್ಮ ವಿಜ್ಞಾನ ಬೇಡ." ಅವಳು ಹೇಳಿದಾಗ ಮಾತ್ರ ಭಾವ ಎಳೆದರು. ಕಾಲು ಗಂಟೆಯಲ್ಲಿ ಒದ್ದೆ ಕರುವೊಂದು ಅವರ ಮಡಿಲಿಗೇ ಜಾರಿತು. ಭಾವ ಅದನ್ನು ಒಣಹುಲ್ಲಿನಿಂದ ಉಜ್ಜುತ್ತಲೇ ಕೂತರು. ಸಾಕು ಎಂದು ಅಕ್ಕ ಎರಡು ಸಲ ಹೇಳಬೇಕಾಯಿತು.

ವಾಪಸು ಬರುವಾಗ ಅವರೇ ಬಾಯಿಬಿಟ್ಟರು. "ಆ ಗುಡ್ಡದಲ್ಲಿ ನೀನು ಒಬ್ಬಳೇ ಓಡಾಡ್ತೀಯ. ಈ ಗಾಡಿ ಒಳಗೆ ಏನಿದೆ ಅಂತ ಮನೇಲಿ ಒಬ್ಬರಿಗಾದ್ರೂ ಗೊತ್ತಿರ್ಲಿ ಅಂತ..."

"ಈಗ ಎಲ್ರಿಗೂ ಗೊತ್ತಾಯ್ತು ಬಿಡಿ" ಎಂದಳು ಅಕ್ಕ. ದನಿ ಮಾತ್ರ ಮೆತ್ತಗಿತ್ತು.

ಮರುವಾರ ಮೆಕ್ಯಾನಿಕ್ ಬಂದ. ಯಾವ ಸ್ಪ್ಯಾನರನ್ನೂ ಮುಟ್ಟದೆ ಬಕೆಟ್ ಬೋರಲು ಹಾಕಿ ಕೂತು, "ನೀವೇ ಬಿಚ್ಚಿ ಸಾರ್, ನೀವೇ ಹಾಕಿ. ನಾನು ಮೇಲು ಕೆಳಗು ಹೇಳ್ತೀನಿ" ಎಂದ. ಮಧ್ಯಾಹ್ನದ ಊಟದೊಳಗೆ ಗಾಡಿ ಫಸ್ಟ್ ಗೇರಿನಲ್ಲಿ ಮುಂದಕ್ಕೆ ಹೋಯಿತು, ಗೊಂಯ್ ಎನ್ನಲೂ ಇಲ್ಲ.

"ಬೇರಿಂಗ್ ಮಾತ್ರ ನನಗಿಂತ ಚೆನ್ನಾಗಿ ಕೂರ್ಸಿದೀರಿ" ಎಂದ ಮೆಕ್ಯಾನಿಕ್.

ಆ ಮಾತನ್ನು ಭಾವ ಇಡೀ ಸ್ಟಾಫ್ ರೂಮಿಗೆ ಹೇಳಿದ್ದಾರೆ. ಉಳಿದದ್ದನ್ನು ಊರಿಗೆಲ್ಲ ಹೇಳುವ ಜವಾಬ್ದಾರಿ ಮೆಕ್ಯಾನಿಕ್ ವಹಿಸಿಕೊಂಡಿದ್ದಾನೆ.