ಬಾಣಂತಿಯ ಪಾಲಿನ ಅಂಟಿನುಂಡಿ

ಶ್ರೀಶೈಲ್ ಮಾಡಿದ್ದು ಕಳ್ಳತನವೇ. ಅದಕ್ಕೆ ಬೇರೆ ಹೆಸರಿಡಲು ಅವನು ಐದಾರು ವಾರ ಒದ್ದಾಡಿದ, ನಾವು ಒದ್ದಾಡುವುದು ಬೇಡ. ಕದ್ದದ್ದಾದರೂ ಏನು ಅಂತೀರಿ? ಬಂಗಾರವಲ್ಲ, ಬೆಳ್ಳಿಯಲ್ಲ. ಹಸಿ ಬಾಣಂತಿಯೊಬ್ಬಳ ಪಾಲಿನ ಅಂಟಿನುಂಡಿ. ನಲವತ್ತು ಉಂಡಿ, ಒಂದೂ ಉಳಿಸಲಿಲ್ಲ ಪುಣ್ಯಾತ್ಮ.

2014ರ ಆಗಸ್ಟ್. ಧಾರವಾಡದ ಎಂಜಿನಿಯರಿಂಗ್ ಕಾಲೇಜಿನಿಂದ ಒಂದು ಸೆಮಿಸ್ಟರ್ ಮಟ್ಟಿಗೆ ಎಕ್ಸ್‌ಚೇಂಜ್ ವಿದ್ಯಾರ್ಥಿಯಾಗಿ ಅವನು ಟೆಕ್ಸಸ್‌ಗೆ, ಡಾಲಸ್ ಪಕ್ಕದ ರಿಚರ್ಡ್‌ಸನ್‌ಗೆ ಹೊರಟಿದ್ದ. ಹೊರಡುವ ಹಿಂದಿನ ದಿನ ಪಕ್ಕದ ಮನೆಯ ಕಾಶವ್ವ ದೊಡ್ಡವ್ವ ಒಂದು ಸ್ಟೀಲ್ ಡಬ್ಬಿ ಎತ್ತಿಕೊಂಡು ಬಂದಳು. ಅವಳ ಮಗಳು ನಿವೇದಿತಾ ಡಾಲಸ್‌ನ ಆಚೆ ಲಿಟಲ್ ಎಲ್ಮ್ ಎಂಬ ಊರಲ್ಲಿ ಹತ್ತು ದಿನದ ಹಿಂದಷ್ಟೇ ಚೊಚ್ಚಲ ಹೆಣ್ಣುಕೂಸು ಹೆತ್ತಿದ್ದಳು. ಬಾಣಂತನಕ್ಕೆ ಹೋಗಬೇಕಿದ್ದ ಕಾಶವ್ವನಿಗೆ ಎರಡು ಸಲ ಕೇಳಿದರೂ ವೀಸಾ ಸಿಗಲಿಲ್ಲ. ನಿವೇದಿತಾಳಿಗೆ ಅತ್ತೆ ಇಲ್ಲ. ಗಂಡ ಚಿದಾನಂದನ ಕೆಲಸ ಆಸ್ಟಿನ್‌ನಲ್ಲಿ. ಶುಕ್ರವಾರ ಸಂಜೆ ಬಂದರೆ ಸೋಮವಾರ ನಸುಕಿನಲ್ಲೇ ಕಾರು ಹತ್ತಬೇಕು. ವಾರದ ನಡುವೆ ಆ ಹುಡುಗಿ ಹಸಿ ಮೈಯಲ್ಲಿ ಕೂಸು ಕಟ್ಟಿಕೊಂಡು ಒಬ್ಬಳೇ ಇರಬೇಕು. ಕಾಶವ್ವ ತಾನೇ ಉತ್ತತ್ತಿ ಕುಟ್ಟಿ, ಕೊಬ್ಬರಿ ತುರಿದು, ಅಂಟನ್ನು ತುಪ್ಪದಲ್ಲಿ ಅರಳಿಸಿ, ಎರಡು ದಿನ ಕೂತು ಆ ಉಂಡಿ ಕಟ್ಟಿದ್ದಳು. ಡಬ್ಬಿಯ ಬಾಯಿಗೆ ಬಿಳಿ ಬಟ್ಟೆ ಸುತ್ತಿ ಹೊಲಿದಿದ್ದಳು.

“ದಿನಾ ಮುಂಜಾನೆ ಒಂದು, ಹಾಲಿನ ಜೋಡಿ ತಿನ್ನು ಅಂತ ಹೇಳು ಆಕಿಗೆ. ನಡಾ ಗಟ್ಟಿ ಆಗತೈತಿ,” ಅಂದಳು. “ನನಗಂತೂ ಹೋಗಾಕ ಆಗಲಿಲ್ಲ. ಇದಾದ್ರೂ ಮುಟ್ಟಲಿ.”

ಹ್ಯೂಸ್ಟನ್‌ನಲ್ಲಿ ಡಾಲಸ್‌ಗೆ ವಿಮಾನ ಬದಲಿಸಲು ಇಳಿದಾಗ ಕಸ್ಟಮ್ಸ್ ಅಧಿಕಾರಿ ಆ ಹೊಲಿಗೆ ಬಿಚ್ಚಿಸಿ ಒಳಗೆ ಇಣುಕಿದ್ದು ನಿಜ. ಹೆರಿಗೆಯಾದ ಮಗಳಿಗೆ ತಾಯಿ ಕಳಿಸಿದ ಸಿಹಿ ಎಂದು ಶ್ರೀಶೈಲ್ ತೊದಲುತ್ತ ಹೇಳಿದ. ಆ ಮನುಷ್ಯ ನಕ್ಕು, ಮುಚ್ಚಳವನ್ನು ತಾನೇ ಒತ್ತಿ ಹಾಕಿ, ಕೂಸಿನ ತಾಯಿಗೆ ನನ್ನ ಶುಭಾಶಯ ಹೇಳು ಅಂತ ಕಳಿಸಿಕೊಟ್ಟ. ಈ ಒಳ್ಳೆಯ ಮನುಷ್ಯನ ಮೇಲೇ ಮುಂದೆ ನಮ್ಮ ಹುಡುಗ ಗೂಬೆ ಕೂರಿಸಿದ.

ರಿಚರ್ಡ್‌ಸನ್‌ನಲ್ಲಿ ಅವನಿಗೆ ಸಿಕ್ಕಿದ್ದು ಮೂವರು ಹೈದರಾಬಾದ್ ಹುಡುಗರ ಅಪಾರ್ಟ್‌ಮೆಂಟಿನಲ್ಲಿ ಒಂದು ಮೂಲೆ. ಊಟಕ್ಕೆ ಕೊರತೆ ಇರಲಿಲ್ಲ ಅನ್ನುವುದನ್ನು ಈಗಲೇ ಹೇಳಿಬಿಡುತ್ತೇನೆ. ಸರತಿಯ ಮೇಲೆ ಅಡುಗೆ, ಫ್ರಿಜ್ ತುಂಬ ಹಾಲು ಮೊಟ್ಟೆ, ಕ್ಯಾಂಪಸ್ಸಿನಲ್ಲಿ ದಿನ ಬಿಟ್ಟು ದಿನ ಪುಕ್ಕಟೆ ಪಿಜ್ಜಾ. ಕೊರತೆ ಇದ್ದದ್ದು ಮಾತಿಗೆ. ಧಾರವಾಡದಲ್ಲಿ ಚರ್ಚಾಸ್ಪರ್ಧೆಯ ಕಪ್ ಗೆದ್ದ ಹುಡುಗ ಇಲ್ಲಿ ಕೌಂಟರಿನಲ್ಲಿ ಕಾಫಿ ಕೇಳಿದರೆ ಅವರು ಮೂರು ಸಲ ಏನೆಂದು ಕೇಳುತ್ತಿದ್ದರು. ಫುಟ್‌ಪಾತ್ ಇಲ್ಲದ ದೊಡ್ಡ ರಸ್ತೆಯ ಅಂಚಿನಲ್ಲಿ, ಆ ಸುಡುಬಿಸಿಲಲ್ಲಿ ಇವನೊಬ್ಬನೇ ನಡೆಯುತ್ತಿದ್ದ. ಕ್ಲಾಸಿನಲ್ಲಿ ಎಲ್ಲರೂ ಗುಂಪು ಮಾಡಿಕೊಂಡಾಗ ಇವನನ್ನು ಯಾರೂ ಕರೆಯಲಿಲ್ಲ. ಪ್ರೊಫೆಸರೇ ಒಂದು ಗುಂಪಿಗೆ ತಳ್ಳಬೇಕಾಯಿತು.

ಡಬ್ಬಿ ಒಯ್ಯಲು ಚಿದಾನಂದ ಮೊದಲ ಶನಿವಾರವೇ ಬರುವವನಿದ್ದ. ಲಿಟಲ್ ಎಲ್ಮ್‌ಗೆ ರೈಲೂ ಇಲ್ಲ ಬಸ್ಸೂ ಇಲ್ಲ, ಶ್ರೀಶೈಲ್ ತಾನಾಗಿ ಹೋಗುವಂತಿರಲಿಲ್ಲ. ಆದರೆ ಕೂಸಿಗೆ ಕಾಮಾಲೆ ಕಾಣಿಸಿಕೊಂಡು ಅವರು ಡಾಕ್ಟರ ಬಳಿ ಓಡಾಡಿದರು, ಆ ವಾರ ಆಗಲಿಲ್ಲ. ಅದರ ಮರುವಾರ ಪ್ರೆಸೆಂಟೇಶನ್ನಿಗೆ ನಿಂತ ಶ್ರೀಶೈಲ್‌ಗೆ ಮೂರನೇ ವಾಕ್ಯಕ್ಕೆ ಬಾಯಿ ಕಟ್ಟಿತು. ಅರ್ಧ ನಿಮಿಷ ಹಾಗೇ ನಿಂತ. ಹಿಂದಿನ ಸಾಲಿನಲ್ಲಿ ಯಾರೋ ಕನಿಕರದಿಂದ ಚಪ್ಪಾಳೆ ತಟ್ಟಿದರು. ಅದು ನಗುವುದಕ್ಕಿಂತ ಕಡೆ.

ಮಧ್ಯಾಹ್ನ ಮನೆಗೆ ಬಂದರೆ ಯಾರೂ ಇಲ್ಲ. ಹಾಸಿಗೆಯ ಪಕ್ಕ ಡಬ್ಬಿ ಕೂತಿತ್ತು. ವಾಸನೆಯನ್ನಷ್ಟೇ ನೋಡೋಣ ಅಂತ ಮುಚ್ಚಳ ತೆಗೆದ. ಜಾಜಿಕಾಯಿ, ತುಪ್ಪ, ಬೆಲ್ಲದ ಆ ವಾಸನೆಗೆ ಅವನು ಡಬ್ಬಿಯ ಮುಂದೆ ನೆಲಕ್ಕೇ ಕೂತುಬಿಟ್ಟ. ಒಂದು ತಿಂದ. ಮೂವತ್ತೊಂಬತ್ತು ಇದ್ದರೆ ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡ. ಮರುದಿನ ಮೂವತ್ತೆಂಟು ಇದ್ದರೆ ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡ. ಲೆಕ್ಕದಲ್ಲಿ ಹುಡುಗ ಮೊದಲಿನಿಂದಲೂ ಜಾಣ.

ಇಷ್ಟಕ್ಕೇ ನಿಂತಿದ್ದರೂ ಕ್ಷಮಿಸಬಹುದಿತ್ತೇನೋ. ರೂಮಿನ ಆಶ್ರಿತ್ ಒಂದು ಸಂಜೆ ಅದೇನು ತಿನ್ನುತ್ತಿದ್ದೀಯ ಅಂತ ಕೇಳಿದಾಗ ಶ್ರೀಶೈಲ್ ದೊಡ್ಡ ದಾನಶೂರನ ಹಾಗೆ ಡಬ್ಬಿ ಮುಂದೆ ಹಿಡಿದ. ಅಮ್ಮ ಮಾಡಿ ಕೊಟ್ಟಿದ್ದು ಎಂದ. ಹುಡುಗರು ಅವತ್ತು ಮೊದಲ ಸಲ ಇವನನ್ನು ನಡುವೆ ಕೂರಿಸಿಕೊಂಡು ಊರಿನ ಸುದ್ದಿ ಕೇಳಿದರು. ಆ ರುಚಿ ಹತ್ತಿತು ನೋಡಿ, ಉಂಡಿಯದ್ದಲ್ಲ, ನಡುವೆ ಕೂರುವುದರ ರುಚಿ. ಮರುವಾರ ಕ್ಲಾಸಿನ ಗುಂಪು ಸೇರಿದಾಗ ಹನ್ನೆರಡು ಉಂಡಿ ಒಯ್ದು ಹಂಚಿದ. ಅವರು ಚಪ್ಪರಿಸಿ ತಿಂದು ಹೆಸರೇನೆಂದು ಕೇಳಿದರು, ಇವನ ಹೆಸರನ್ನೂ ಸರಿಯಾಗಿ ಹೇಳಲು ಕಲಿತರು. ಮುಂದಿನ ಭಾನುವಾರ ಕಾರಿನಲ್ಲಿ ಡಾಲಸ್ ಸುತ್ತಿಸಿದರು. ಆ ದೊಡ್ಡ ಊರಿಗೆ ಅವನು ಹೊಂದಿಕೊಂಡದ್ದು ಹೀಗೆ, ಇನ್ನೊಬ್ಬಳ ಬಾಯಿಯ ತುತ್ತನ್ನು ಹಂಚಿ.

ಕೂಸಿನ ಓಡಾಟದಲ್ಲಿ ಒಂದರ ಹಿಂದೆ ಒಂದು ಶನಿವಾರ ಮುಂದೂಡುತ್ತ ಬಂದಿದ್ದ ಚಿದಾನಂದ ಈ ಶನಿವಾರ ಖಂಡಿತ ಬರುತ್ತೇನೆ ಎಂದು ಫೋನ್ ಮಾಡಿದಾಗ ಡಬ್ಬಿಯಲ್ಲಿ ಐದು ಉಂಡಿ ಉಳಿದಿದ್ದವು. ಐದನ್ನು ಯಾವ ಮುಖದಲ್ಲಿ ಕೊಡುವುದು? ಹ್ಯೂಸ್ಟನ್‌ನಲ್ಲಿ ಕಸ್ಟಮ್ಸ್‌ನವರು ಎಲ್ಲ ಕಸಿದು ಕಸಕ್ಕೆ ಹಾಕಿದರು ಮಾಮಾ, ಹೇಳೋಕೆ ಬಾಯಿ ಬರಲಿಲ್ಲ ಎಂದುಬಿಟ್ಟ. ಚಿದಾನಂದ, ಹೋಗಲಿ ಬಿಡಪಾ, ನೀನು ಹೆದರಿರಬೇಕು ಪಾಪ ಎಂದ. ಫೋನಿಟ್ಟ ಶ್ರೀಶೈಲ್ ಉಳಿದ ಐದನ್ನೂ ತಿಂದು ಡಬ್ಬಿ ತೊಳೆದಿಟ್ಟ.

ಎರಡು ದಿನ ಬಿಟ್ಟು ಅವನವ್ವ ವಿದ್ಯಾವತಿ ಫೋನ್ ಮಾಡಿದಳು. ಕಾಶವ್ವ ಮನೆಗೆ ಬಂದು ಕೈಮುಗಿದು ಹೋದಳಂತೆ. ತನ್ನ ಆಸೆಗೆ ನಿಮ್ಮ ಹುಡುಗನನ್ನು ಪರದೇಶದಲ್ಲಿ ಮೊದಲ ದಿನವೇ ಅಧಿಕಾರಿಗಳ ಮುಂದೆ ನಿಲ್ಲಿಸಿದೆ, ನನ್ನಿಂದ ತಪ್ಪಾಯಿತು ಅಂದಳಂತೆ. ಅದನ್ನು ಕೇಳಿ ಶ್ರೀಶೈಲ್ ನಿಜ ಹೇಳಬೇಕು ಅಂದುಕೊಂಡ. ಸಂಜೆ ಹೇಳುತ್ತೇನೆ ಅಂದುಕೊಂಡ, ಭಾನುವಾರ ಹೇಳುತ್ತೇನೆ ಅಂದುಕೊಂಡ. ಹೇಳಲಿಲ್ಲ.

ಸೆಪ್ಟೆಂಬರ್ ಕೊನೆಯ ಭಾನುವಾರ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮ ಇಟ್ಟುಕೊಂಡರು. ಚಿದಾನಂದ ಬೆಳಗ್ಗೆ ಏಳಕ್ಕೇ ಬಂದು ಶ್ರೀಶೈಲ್‌ನನ್ನು ಕಾರಿನಲ್ಲಿ ಕರೆದೊಯ್ದ. ಮನೆಯಲ್ಲಿ ಹತ್ತಿಪ್ಪತ್ತು ಜನ ಸೇರಿದ್ದರು. ಎಲ್ಲರಿಗೂ ಇವನ ಕಥೆ ಗೊತ್ತು. ಪಾಪ, ಇವನೇ ನೋಡ್ರಿ ಆ ಹುಡುಗ ಎಂದು ಉಪ್ಪಿಟ್ಟಿನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು. ಹ್ಯೂಸ್ಟನ್ ಕಡೆಯ ವುಡ್‌ಲ್ಯಾಂಡ್ಸ್‌ನಿಂದ ಬಂದಿದ್ದ ಪ್ರಹ್ಲಾದ್ ಅಂಕಲ್ ಅಂತೂ ಕೆರಳಿ ಕೂತಿದ್ದರು. ನಮ್ಮೂರ ಏರ್‌ಪೋರ್ಟಿನಲ್ಲಿ ಹೀಗೆ ಮಾಡಿದರೆ ಸುಮ್ಮನಿರೋದಾ, ಕಂಪ್ಲೇಂಟ್ ಬರೀತೀನಿ, ನಡೆದದ್ದು ಹೇಳು ಅಂದರು. ಶ್ರೀಶೈಲ್ ಹೇಳಿದ. ಹೇಳುತ್ತ ಹೋದ ಹಾಗೆ ಅಧಿಕಾರಿಗೆ ಮೀಸೆ ಬಂತು, ನೀಲಿ ಕೈಗವಸು ಬಂತು, ಮೂಸಿ ನೋಡುವ ನಾಯಿಯೂ ಬಂತು. ಹೆಂಗಸರು ಛೇ ಛೇ ಅಂದರು. ಚರ್ಚಾಸ್ಪರ್ಧೆಯ ಕಪ್ ಗೆದ್ದ ಬಾಯಿ ಟೆಕ್ಸಸ್‌ನಲ್ಲಿ ಸರಾಗವಾಗಿ ಓಡಿದ್ದು ಅದೇ ಮೊದಲು, ಥೂ ಅದರ.

ಅಷ್ಟರಲ್ಲಿ ಒಳಗಿನ ಕೋಣೆಯಿಂದ ನಿವೇದಿತಾ ಅವನನ್ನು ಕರೆದಳು. ಕೂಸು ತೊಡೆಯ ಮೇಲೆ ನಿದ್ದೆ ಹೋಗಿತ್ತು. ಅವಳ ಕಣ್ಣ ಸುತ್ತ ಕಪ್ಪು ಕಟ್ಟಿತ್ತು, ಹೊಸ ಸೀರೆ ಮೈಮೇಲೆ ನಿಲ್ಲುತ್ತಿರಲಿಲ್ಲ.

“ಕುಂದ್ರು ತಮ್ಮಾ,” ಅಂದಳು. “ಒಂದು ಕೇಳ್ತೀನಿ. ಡಬ್ಬಿ ಕಟ್ಟೂ ಮುಂದ ನಮ್ಮವ್ವ ನಿನ್ನ ಕೈಯಾಗ ಒಂದು ಉಂಡಿ ಇಟ್ಟಿರಬೇಕಲ್ಲ? ಆಕಿ ಯಾರನ್ನೂ ಹಂಗ ಕಳಿಸಾಕಿ ಅಲ್ಲ. ಹೆಂಗಿತ್ತು ಹೇಳು. ಎಷ್ಟು ನೆನಪು ಮಾಡ್ಕೊಂಡ್ರೂ ನನಗ ಆ ರುಚಿ ಬರವಲ್ದು.”

ಕಾಶವ್ವ ಅವನ ಕೈಯಲ್ಲಿ ಏನೂ ಇಟ್ಟಿರಲಿಲ್ಲ; ಒಂದು ಇಟ್ಟಿದ್ದರೆ ಮಗಳಿಗೆ ಒಂದು ದಿನದ್ದು ಕಡಿಮೆಯಾಗುತ್ತಿತ್ತಲ್ಲ. ಹೂಂ ಅಕ್ಕ, ಚಲೋ ಇತ್ತು ಅಂದು ಎದ್ದಿದ್ದರೆ ಮುಗಿಯುತ್ತಿತ್ತು. ಆದರೆ ಆ ಮುಖ ನೋಡಿ ಅವನಿಗೆ ಬರೀ ಅಷ್ಟು ಹೇಳಿ ಏಳಲಾಗಲಿಲ್ಲ. ಕೊಡಲಾಗದ್ದನ್ನು ಮಾತಿನಲ್ಲಾದರೂ ಕೊಡೋಣ ಅನ್ನಿಸಿರಬೇಕು.

“ಅಂಟು ಹಲ್ಲಿಗೆ ಸಿಕ್ಕ ಕೂಡ್ಲೆ ಕರುಮ್ ಅಂತಿತ್ತಕ್ಕ, ಆಮ್ಯಾಲೆ ಕರಗ್ತಿತ್ತು,” ಅಂದ. “ಬೆಲ್ಲ ಹೆಚ್ಚಿರಲಿಲ್ಲ. ಜಾಜಿಕಾಯಿ ಕಡೀಕ ಬರ್ತಿತ್ತು. ಮ್ಯಾಲಿನವು ಸ್ವಲ್ಪ ಒಣಗಿದ್ವು. ತಳದವಕ್ಕ ತುಪ್ಪ ಇಳಿದು ಮೆತ್ತಗಾಗಿದ್ವು, ತಳದವು ಭಾಳ ಚಲೋ ಇದ್ವು.”

ಅಂದಮೇಲೆ ತಿಳಿಯಿತು. ನಿವೇದಿತಾ ಕೂಸಿನ ಬೆನ್ನು ತಟ್ಟುತ್ತಿದ್ದ ಕೈ ನಿಲ್ಲಿಸಿದಳು.

“ತಳದವು,” ಅಂದಳು. “ಎಷ್ಟು ತಿಂದಿ?”

ಎಲ್ಲಾ ಎಂದ. ತಿಂದದ್ದು, ಹಂಚಿದ್ದು, ಅಮ್ಮ ಮಾಡಿದ್ದು ಅಂತ ಹೇಳಿಕೊಂಡದ್ದು, ಆ ಅಧಿಕಾರಿ ಶುಭಾಶಯ ಹೇಳಿ ಕಳಿಸಿದ್ದು, ಒಂದನ್ನೂ ಮುಚ್ಚಿಡದೆ ನೆಲ ನೋಡುತ್ತ ಹೇಳಿದ. ಬೈದರೆ ಬೈಯಲಿ, ಹೊಡೆದರೂ ಹೊಡೆಯಲಿ ಅಂತ ಕಾಯ್ದ. ಅವಳು ದನಿ ಏರಿಸಲಿಲ್ಲ, ಕೂಸು ಏಳುತ್ತದಲ್ಲ.

“ಹಡೆದ ಮ್ಯಾಲೆ ನಾ ದಿನಾ ಮುಂಜಾನೆ ಒಣಾ ಬ್ರೆಡ್ ತಿಂದೀನಿ,” ಅಂದಳು. “ನನಗೇನೂ ಹೇಳಬ್ಯಾಡ ಇನ್ನ. ನಮ್ಮವ್ವಗ ಹೇಳು.”

ಲ್ಯಾಪ್‌ಟಾಪ್ ತೆರೆದು ಸ್ಕೈಪ್ ಹಚ್ಚಿ ಅವನ ಮುಂದೆ ತಿರುಗಿಸಿದಳು. ಧಾರವಾಡದಲ್ಲಿ ಸಂಜೆ. ತೊಟ್ಟಿಲು ನೋಡಬೇಕೆಂದು ಕಾಶವ್ವ ರೇಷ್ಮೆ ಸೀರೆ ಉಟ್ಟು, ತಲೆತುಂಬ ಸೆರಗು ಹೊದ್ದು ಕಾಯುತ್ತ ಕೂತಿದ್ದಳು. ಶ್ರೀಶೈಲ್ ಮುಖ ಕಂಡು ಅವಳಿಗೆ ಹಿಗ್ಗಾಯಿತು. ಅವಳು ಬಾಯಿ ತೆರೆಯುವ ಮೊದಲೇ ಇವನು ಹೇಳಿಬಿಟ್ಟ.

“ದೊಡ್ಡವ್ವಾ, ಕಸ್ಟಮ್ಸ್‌ನವರು ಏನೂ ಮಾಡಿಲ್ಲ. ಅಕ್ಕನ ಉಂಡಿ ನಾನಽ ತಿಂದೆ.”

ಮುದುಕಿ ಮುಂದಕ್ಕೆ ಬಾಗಿ ಮೆಲ್ಲಗೆ ಕೇಳಿದಳು, “ಹಸಿವಿ ಆಗಿತ್ತೇನೋ ತಮ್ಮಾ?”

ಹೂಂ ಅಂದರೆ ಸಾಕಿತ್ತು. ಅದನ್ನು ನಂಬಿ ಮನ್ನಿಸಲು ಅವಳು ತಯಾರಾಗಿಯೇ ಇದ್ದಳು, ಅವನಿಗದು ಅವಳ ಮುಖದಲ್ಲೇ ಕಂಡಿತು. ಫ್ರಿಜ್ಜಿನ ತುಂಬ ಹಾಲು ಮೊಟ್ಟೆ ಇದ್ದದ್ದು ಧಾರವಾಡದಲ್ಲಿ ಕೂತವಳಿಗೆ ಎಲ್ಲಿಂದ ಗೊತ್ತಾಗಬೇಕು? ಪಕ್ಕದಲ್ಲಿ ನಿವೇದಿತಾ ಅವನನ್ನೇ ನೋಡುತ್ತಿದ್ದಳು.

“ಇಲ್ಲ ದೊಡ್ಡವ್ವಾ,” ಅಂದ. “ಹಸಿವಿ ಆಗಿರಲಿಲ್ಲ.”