ಮಡಿಸದ ಕಾಲು

"ಇನ್ನೂ ಸ್ವಲ್ಪ ಮೇಲೆತ್ತಿ. ಬೆನ್ನು ಗೋಡೆಗೆ ಸರಿಯಾಗಿ ಆನಬೇಕು," ಎಂದರು ಯತಿರಾಜ ಮೇಷ್ಟ್ರು.

ಬಿಳಿ ಜುಬ್ಬ, ಬಿಳಿ ಪೈಜಾಮ ತೊಟ್ಟ ನಾಲ್ವರು ಶಿಷ್ಯರು ಪುಟ್ಟಮಾಚಯ್ಯನ ಹೆಣವನ್ನು ಚಾಪೆಯಿಂದ ಎತ್ತಿ ಗೋಡೆಗೆ ಒರಗಿಸಿದರು. ತಲೆ ಒಂದು ಪಕ್ಕಕ್ಕೆ ವಾಲಿತು. ಒಬ್ಬ ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತ.

ಅಡುಗೆಮನೆಯ ಬಾಗಿಲಲ್ಲಿ ನಿಂತು ದೇವೀರಮ್ಮ ನೋಡುತ್ತಿದ್ದಳು. ಬೆಳಗಿನ ಜಾವ ಗಂಡ ಏಳಲಿಲ್ಲ. ಎಷ್ಟೋ ವರ್ಷದಿಂದ ಕೋಳಿಗಿಂತ ಮೊದಲು ಎದ್ದು ಚಾಪೆ ಸುತ್ತಿಡುತ್ತಿದ್ದ ಮನುಷ್ಯ ಮಲಗೇ ಇದ್ದ. ಮುಟ್ಟಿ ನೋಡಿದರೆ ಹಣೆ ತಣ್ಣಗಿತ್ತು. ನರಳಿರಲಿಲ್ಲ, ನೀರು ಕೇಳಿರಲಿಲ್ಲ. ಪಕ್ಕದಲ್ಲೇ ಮಲಗಿದ್ದ ಅವಳಿಗೆ ಗೊತ್ತೇ ಆಗಿರಲಿಲ್ಲ.

ಅವಳ ತಮ್ಮ ಜವರಣ್ಣ ನರಸೀಪುರದಿಂದ ಆಗತಾನೆ ಬಂದಿಳಿದಿದ್ದ. ಭಾವನನ್ನು ನೋಡಿ ಒಂದಿಷ್ಟು ಅತ್ತು, ಮೂಗು ಒರೆಸಿಕೊಂಡು, ಅಕ್ಕನ ಕಿವಿಯ ಹತ್ತಿರ ಬಗ್ಗಿದ. "ಏನ್ ಮಾಡ್ತಾವ್ರಕ್ಕ ಇವ್ರು?"

ಮೇಷ್ಟ್ರಿಗೆ ಕೇಳಿಸಿತು. ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ಪುಟ್ಟಮಾಚಯ್ಯನ ಶಿಷ್ಯರಲ್ಲಿ ಹಿರಿಯರು. ದೇವೀರಮ್ಮನ ಹತ್ತಿರ ಬಂದು ಕೈಮುಗಿದರು.

"ನೋಡಿ ಅಮ್ಮ, ಗುರುಗಳು ಯೋಗಿ. ಅವರನ್ನ ಎಲ್ಲರ ಹಾಗೆ ಮಲಗಿಸಿ ಮಣ್ಣು ಮಾಡಬಾರದು. ಪದ್ಮಾಸನದಲ್ಲಿ ಕೂರಿಸಿ ಸಮಾಧಿ ಮಾಡ್ಬೇಕು. ಗುಂಡಿ ತೋಡೋರಿಗೂ ಫೋನ್ ಮಾಡಿ ಹೇಳಿದ್ದೀನಿ, ಉದ್ದಕ್ಕೆ ಬೇಡ, ದುಂಡಗೆ ಆಳವಾಗಿ ತೋಡಿ ಅಂತ. ಮುಂದೆ ನಾವೆಲ್ಲ ಸೇರಿ ಮೇಲೊಂದು ಕಟ್ಟೆ ಕಟ್ಟಿಸ್ತೀವಿ."

"ಕಟ್ಟೆ ಅಂದ್ರೆ ಗದ್ದುಗೆ ಥರವಾ ಸಾಮಿ?" ಜವರಣ್ಣನ ಕಣ್ಣು ಅಗಲವಾಯಿತು. "ಅಕ್ಕ, ನಮ್ಮ ಅಗಸರ ಪೈಕಿ ಯಾರಿಗೆ ಸಿಕ್ಕೈತೆ ಈ ಭಾಗ್ಯ?"

ಎಲ್ಲರೂ ದೇವೀರಮ್ಮನ ಮುಖ ನೋಡಿದರು.

"ಮೊದ್ಲು ಮೈ ತೊಳೀರಿ. ನೀರು ಕಾಯಿಸ್ತೀನಿ," ಎಂದು ಅವಳು ಹಿತ್ತಿಲಿಗೆ ನಡೆದಳು.

*

ಬಟ್ಟೆ ಬೇಯಿಸುವ ಹಂಡೆಯ ಕೆಳಗೆ ಸೌದೆ ತುರುಕಿ ಕೂತವಳಿಗೆ ಮದುವೆಯಾದ ಹೊಸತರ ಬೆಂಕಿ ನೆನಪಾಯಿತು. ಆಗ ಬೆಂಕಿ ಹಾಕಿ ಹಂಡೆ ಏರಿಸುವುದು, ಮೂಟೆ ಹೊರುವುದು, ಕಲ್ಲಿಗೆ ಬಟ್ಟೆ ಬಡಿಯುವುದು, ಎಲ್ಲ ಅವಳದೇ. ಪುಟ್ಟಮಾಚಯ್ಯ ಇಸ್ತ್ರಿ ಅಂಗಡಿಯ ಬಾಗಿಲು ತೆಗೆಯುವುದೇ ಹತ್ತು ಗಂಟೆಗೆ. ಸಂಜೆಯಾದರೆ ಹೆಂಡದ ಗಡಂಗು. ಮನೆಗೆ ಬಂದರೆ ಒಂದು ದಿನ ಹಾಡು, ಒಂದು ದಿನ ಏಟು. ಅವಳ ಕಿವಿಯ ಓಲೆ ಹೋದದ್ದು ಆಗಲೇ. ಮಗಳು ನಾಗರತ್ನ ಅಪ್ಪನ ಹೆಜ್ಜೆ ಸದ್ದು ಕೇಳಿದರೆ ಕಂಬಳಿ ಗುಬುರು ಹಾಕಿಕೊಂಡು ನಿದ್ದೆ ನಟಿಸುತ್ತಿದ್ದಳು.

ಒಂದು ದಿನ ಅಮಲಿನಲ್ಲಿ ಅಗ್ರಹಾರದ ಶೇಷಗಿರಿ ರಾಯರ ಜರಿಪಂಚೆಯ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು ಮರೆತುಬಿಟ್ಟ. ಪಂಚೆಯ ನಡುವೆ ಪೆಟ್ಟಿಗೆಯ ಆಕಾರಕ್ಕೇ ತೂತು ಬಿತ್ತು. ರಾಯರು ಮನೆಯ ಹಜಾರದಲ್ಲಿ ನಾಲ್ಕು ಜನಕ್ಕೆ ಯೋಗ ಹೇಳಿಕೊಡುತ್ತಿದ್ದ ಮುದುಕರು. ದೇವೀರಮ್ಮ ಸುಟ್ಟ ಪಂಚೆಯನ್ನು ಮಡಿಲಲ್ಲಿಟ್ಟುಕೊಂಡು, ಗಂಡನನ್ನು ಕೈಹಿಡಿದು ಎಳೆದುಕೊಂಡು ಅವರ ಬಾಗಿಲಿಗೆ ಹೋಗಿ ನಿಂತಳು.

ರಾಯರು ತೂತಿನೊಳಗಿಂದ ಅವನ ಮುಖ ನೋಡಿ ನಕ್ಕರು. "ಇದಕ್ಕೆ ದಂಡ ಹಾಕ್ತೀನಿ ಕಣಯ್ಯ. ನಾಳೆಯಿಂದ ಬೆಳಕು ಹರಿಯೋ ಹೊತ್ತಿಗೆ ಬಂದು ನನ್ನ ಹಜಾರ ಗುಡಿಸಬೇಕು. ಗುಡಿಸಿ, ಸ್ನಾನ ಮಾಡಿ, ಸುಮ್ಮನೆ ಕೂತಿರಬೇಕು."

"ಕೂತು ಏನ್ ಮಾಡ್ಲಿ ಬುದ್ದಿ?"

"ಏನೂ ಮಾಡಬೇಡ. ಉಸಿರು ಬರುತ್ತೆ, ಹೋಗುತ್ತೆ. ನೋಡ್ತಾ ಇರು. ಊರಿನ ಕೊಳೆಯೆಲ್ಲ ತೆಗೀತೀಯ. ನಿನ್ನದು ಎಷ್ಟಿದೆ ಅಂತ ಒಂದು ಸಲ ನೋಡ್ಕೊ."

ಒಂದು ವಾರ ಹೋದರೆ ಹೆಚ್ಚು ಎಂದುಕೊಂಡಿದ್ದಳು. ಅವನು ರಾಯರು ತೀರಿಕೊಳ್ಳುವವರೆಗೂ ಹೋದ. ಕುಡಿತ ಒಂದೇ ದಿನಕ್ಕೆ ಬಿಡಲಿಲ್ಲ. ಬಿಟ್ಟು, ಬಿದ್ದು, ಮತ್ತೆ ಬಿಟ್ಟು, ಕೈ ನಡುಗಿ, ವಾಂತಿ ಮಾಡಿಕೊಂಡು, ಬೆಳಗಾದರೆ ಪೊರಕೆ ಹಿಡಿದು ಅಗ್ರಹಾರಕ್ಕೆ ಓಡುತ್ತಿದ್ದ. ಆಮೇಲೆ ಒಂದು ದಿನ ಬಟ್ಟೆ ಒಣಹಾಕುವ ಬಯಲನ್ನು ತಾನೇ ಗುಡಿಸಿ ಅಲ್ಲಿ ಆಸನ ಹಾಕಿದ. ನೋಡಲು ಬಂದವರು ಪಕ್ಕದಲ್ಲಿ ಕೂತರು. ಬಂದವರಿಗೆಲ್ಲ ಅವನದು ಒಂದೇ ಕರಾರು: ಮೊದಲು ಪೊರಕೆ ಹಿಡಿಯಬೇಕು. ಯತಿರಾಜ ಮೇಷ್ಟ್ರೂ ಹಾಗೇ ಗುಡಿಸಿ ಸೇರಿದವರು.

*

"ಹಂಡೆ ಒಡೆದೀತು ಕಣೆ, ಸಾಕು ಬಿಡು ಉರಿ," ಎನ್ನುತ್ತ ಹೂವಿನ ಗೌರಕ್ಕ ಬಂದು ಪಕ್ಕದಲ್ಲಿ ಕೂತಳು. ಒಂದೇ ಕೇರಿಯಲ್ಲಿ ಸೊಸೆಯಂದಿರಾಗಿ ಬಂದು ಒಟ್ಟಿಗೇ ಮುದುಕಿಯರಾದವರು ಇಬ್ಬರೂ.

"ಹೊರಗಡೆ ಎಲ್ರೂ ನಿನ್ನೇ ಹೊಗಳ್ತಾವ್ರೆ. ಪುಣ್ಯವಂತೆ, ಯೋಗಿ ಕೈ ಹಿಡಿದವಳು ಅಂತ."

"ಹೇಳ್ಲಿ ಬಿಡು."

"ಯಾಕೆ, ಸುಳ್ಳಾ?"

ದೇವೀರಮ್ಮ ಕೊಳ್ಳಿಯೊಂದನ್ನು ಹಿಂದಕ್ಕೆಳೆದಳು. "ಕುಡುಕನ ಹೆಂಡ್ತಿ ಆಗಿದ್ದಾಗ ಕೇರಿಯೆಲ್ಲ ಅಯ್ಯೋ ಪಾಪ ಅಂತಿತ್ತು. ನೀನೇ ಎಷ್ಟು ಸಲ ಗಂಜಿ ತಂದುಕೊಟ್ಟಿದ್ದೀಯ. ಯೋಗಿ ಹೆಂಡ್ತಿ ಆದ್ಮೇಲೆ ಅಯ್ಯೋ ಅನ್ನೋರೂ ಇಲ್ದಂಗಾಯ್ತು ಕಣಕ್ಕ. ಮನೇಲಿ ಮಂಚ ಇಲ್ಲ ಅಂದ್ರೆ ಆಹಾ ಅಂದ್ರು. ಕುರ್ಚಿ ಕೊಟ್ಬಿಟ್ಟ ಅಂದ್ರೆ ಓಹೋ ಅಂದ್ರು. ನನ್ನ ಸೊಂಟ ಯಾರು ಕೇಳಿದ್ರು?"

ಗೌರಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಳುವೋ ನಗುವೋ ತಿಳಿಯಲಿಲ್ಲ. "ಸತ್ತ ಮನೇಲಿ ನಗಿಸ್ಬೇಡ ಕಣೆ. ಬಯ್ತಾರೆ."

*

ಮನೆ ಖಾಲಿಯಾಗುತ್ತ ಬಂದದ್ದು ನಿಜ. ಬೇಕಾದ್ದಕ್ಕಿಂತ ಹೆಚ್ಚು ಇಟ್ಟುಕೊಂಡರೆ ಅದೂ ಕೊಳೆಯೇ ಎನ್ನುತ್ತಿದ್ದ ಪುಟ್ಟಮಾಚಯ್ಯ. ತನಗೆ ಎರಡು ಅಂಗಿ, ಎರಡು ಪಂಚೆ. ತಾನುಂಡ ತಟ್ಟೆ ತಾನೇ ತೊಳೆಯುತ್ತಿದ್ದ. ಅದಕ್ಕೆಲ್ಲ ಅವಳು ಹೂಂ ಎಂದಿದ್ದಳು. ಆದರೆ ಒಂದು ಸಂಜೆ ಪೆಟ್ಟಿಗೆ ತೆಗೆದು ನೋಡಿದರೆ ಅವಳ ಧಾರೆ ಸೀರೆ ಇರಲಿಲ್ಲ.

"ಗಾರೆ ತಿಮ್ಮಯ್ಯನ ಮಗಳಿಗೆ ಮದುವೆ. ಉಡೋಕೆ ಒಳ್ಳೇದಿರ್ಲಿಲ್ಲ ಅಂತ ಅತ್ತ. ಇದು ಪೆಟ್ಟಿಗೇಲಿ ಸುಮ್ನೆ ಮಲಗಿತ್ತು," ಎಂದ ಅವನು, ಸಮಾಧಾನದ ದನಿಯಲ್ಲಿ.

ಆ ಸಮಾಧಾನವೇ ಅವಳ ಮೈ ಉರಿಸಿತು.

"ನಿನ್ನ ಮೈಮೇಲಿನ ಅಂಗಿ ಕೊಡು, ಪಂಚೆ ಕೊಡು, ಬರೀ ಲಂಗೋಟಿಲಿ ನಿಂತ್ಕೊ, ನಾ ಕೇಳಕಿಲ್ಲ. ನಂದ್ಯಾಕೆ ಕೊಟ್ಟೆ? ಕುಡೀತಿದ್ದಾಗ ಓಲೆ ಹೋಯ್ತು, ಯೋಗ ಮಾಡಿ ಸೀರೆ ಹೋಯ್ತು. ನಂಗೇನು ವ್ಯತ್ಯಾಸ ಹೇಳು?"

ಅವಳು ಮಾತು ಬಿಟ್ಟಳು. ತಟ್ಟೆ ಕುಕ್ಕಿ ಅನ್ನ ಬಡಿಸಿ ಎದ್ದು ಹೋಗುತ್ತಿದ್ದಳು. ಕೆಲವು ದಿನ ಅವನು ಬಯಲಿನ ಮೂಲೆಯಲ್ಲಿ ಕಣ್ಣುಮುಚ್ಚಿ ಕೂತ. ಕೊನೆಗೆ ಕೂತದ್ದು ಸಾಕೆನಿಸಿತೋ ಏನೋ, ಎದ್ದು ಮಗಳನ್ನು ಕರೆದುಕೊಂಡು ತಿಮ್ಮಯ್ಯನ ಮನೆಗೆ ಹೋದ.

ಅಲ್ಲಿ ನಡೆದದ್ದನ್ನು ನಾಗರತ್ನ ಬಂದು ಹೇಳಿದಳು. ಮದುವೆಮನೆ ತುಂಬ ನೆಂಟರು. ಅಪ್ಪ ಅಂಗಳದಲ್ಲಿ ನಿಂತು, ಸೀರೆ ವಾಪಸ್ ಕೊಡಬೇಕು, ಅದು ನನ್ನದಲ್ಲ, ಹೆಂಡತಿಯದು, ಕೇಳದೆ ತಂದಿದ್ದೆ ಎಂದನಂತೆ. ಕೊಟ್ಟ ಸೀರೆ ಕಿತ್ತುಕೊಳ್ಳುವ ಇವನೆಂಥ ಯೋಗಿ ಎಂದು ಒಬ್ಬರು. ಮೊದಲೇ ಕುಡುಕ, ಬುದ್ಧಿ ಎಲ್ಲಿ ಹೋಗುತ್ತೆ ಎಂದು ಇನ್ನೊಬ್ಬರು. ಒಂದು ಹುಡುಗಿ ಸೀರೆಯನ್ನು ತಂದು ಅವನ ಕಾಲ ಬಳಿ ಎಸೆದಳಂತೆ. ಅವನು ಬಗ್ಗಿ ಎತ್ತಿಕೊಂಡು ಎಲ್ಲರಿಗೂ ಕೈಮುಗಿದನಂತೆ.

ಸೀರೆಗೆ ಅಂಗಳದ ಮಣ್ಣು ಹತ್ತಿತ್ತು. ಅಂಟುವಾಳದ ನೊರೆಯಲ್ಲಿ ತಾನೇ ತೊಳೆದು, ನೆರಳಲ್ಲಿ ಒಣಗಿಸಿ, ಮಡಿಸಿ ತಂದು ಅವಳ ಮುಂದಿಟ್ಟ. "ಬೇರೆಯವರ ಸಾಮಾನು ದಾನ ಮಾಡೋದು ಕಳ್ಳತನ. ಕದ್ದಿದ್ದೆ. ತಪ್ಪಾಯ್ತು."

ದೇವೀರಮ್ಮ ಸೀರೆ ನೋಡಲಿಲ್ಲ. ಅವನ ಮುಖ ನೋಡಿದಳು. ದಾನ ಕೊಟ್ಟು ಬಂದ ದಿನ ಇದ್ದ ಹೊಳಪು ಅಲ್ಲಿರಲಿಲ್ಲ. ಅವಮಾನ ನುಂಗಿ ಬಂದವನ ಬಾಡಿದ ಮುಖ ಅದು. ಅವಳಿಗೆ ಗುರುತು ಹತ್ತಿದ ಮುಖ.

"ಊಟಕ್ಕೆ ಬಾ," ಎಂದಳು.

*

ಸ್ನಾನ ಮುಗಿಯಿತು. ಹೊಸ ಪಂಚೆ ಉಡಿಸಿ, ಹಣೆಗೆ ವಿಭೂತಿ ಬಳಿದು, ಹೆಣವನ್ನು ಮತ್ತೆ ಗೋಡೆಗೆ ಒರಗಿಸಿದರು. ನಾಗರತ್ನ ತಲೆಯ ಹಿಂದೆ ಬಟ್ಟೆಯ ಸಿಂಬಿ ಕೊಟ್ಟಳು. ಅಂಗಳದಲ್ಲಿ ಜನ ಸೇರಿದ್ದರು. ಮೇಷ್ಟ್ರು ಎಡಗಾಲನ್ನು ಹೇಗೋ ಮಡಿಸಿ ಬಟ್ಟೆಯ ಪಟ್ಟಿಯಿಂದ ಕಟ್ಟಿದರು. ಬಲಗಾಲು ಬಗ್ಗಲಿಲ್ಲ.

"ಮೈ ಸೆಟೆದುಕೊಳ್ತಾ ಇದೆ. ಇನ್ನು ತಡ ಮಾಡೋ ಹಾಗಿಲ್ಲ," ಎಂದು ಮೇಷ್ಟ್ರು ಇಬ್ಬರನ್ನು ಕರೆದರು. ಒಬ್ಬ ತೊಡೆ ಅದುಮಿ ಹಿಡಿದ. ಇನ್ನೊಬ್ಬ ಹಿಮ್ಮಡಿ ಹಿಡಿದು ಒಳಕ್ಕೆ ತಿರುಗಿಸಿದ. ಮಂಡಿ ಲಟಕ್ಕೆಂದಿತು.

"ಬ್ಯಾಡ."

ದೇವೀರಮ್ಮ ಜನರ ನಡುವೆ ದಾರಿ ಮಾಡಿಕೊಂಡು ಬಂದಳು.

"ಆ ಕಾಲು ಮಡಿಸ್ಬೇಡಿ ಮೇಷ್ಟ್ರೇ. ನೋಯ್ತದೆ ಅವರಿಗೆ."

ಹಿಮ್ಮಡಿ ಹಿಡಿದವನು ಕೈ ತೆಗೆದ. ಜವರಣ್ಣ ಅಕ್ಕನ ಭುಜ ಮುಟ್ಟಿದ. "ಅಕ್ಕ, ಭಾವ ಈಗ..."

"ಗೊತ್ತು ಕಣಪ್ಪ. ನಂಗೆ ಗೊತ್ತಿಲ್ವಾ?" ಅವಳು ಗಂಡನ ಪಕ್ಕದಲ್ಲಿ ಕೂತು ಬಲಮಂಡಿಯ ಮೇಲೆ ಅಂಗೈ ಇಟ್ಟಳು. "ಕುಡಿತ ಬಿಟ್ಟಾಗಿಂದ ತಣ್ಣೀರಲ್ಲಿ ನಿಂತು ಬಟ್ಟೆ ಒಗೆದ ಕಾಲು. ಎಷ್ಟೋ ವರ್ಷದಿಂದ ಬಗ್ತಿರ್ಲಿಲ್ಲ. ದಿನಾ ಹರಳೆಣ್ಣೆ ಬಿಸಿ ಮಾಡಿ ತಿಕ್ತಿದ್ದೆ. ಇಲ್ಲಿ ಕೈ ಇಟ್ರೆ ಹಲ್ಲು ಕಚ್ಚೋರು."

ಮೇಷ್ಟ್ರ ಮುಖ ಕಳೆಗುಂದಿತು. "ಕೊನೇ ವರ್ಷಗಳಲ್ಲಿ ಅವರು ನಿಂತೇ ಪಾಠ ಹೇಳೋರು. ಮಂಡಿ ಹೋಗಿದೆ ಮೇಷ್ಟ್ರೇ, ಇನ್ನು ಪದ್ಮಾಸನ ನಿಮಗೇ ಬಿಟ್ಟೆ ಅಂದ್ರು. ನಾವೆಲ್ಲ ನಕ್ಕುಬಿಟ್ವಿ. ಆಸನಾನೇ ಮೀರಿದ್ದಾರೆ, ಅದಕ್ಕೇ ಹಾಗೆ ಹೇಳ್ತಾರೆ ಅಂದ್ಕೊಂಡ್ವಿ."

"ಅವರು ಇದ್ದದ್ದೇ ಹೇಳಿದ್ರು. ಬೇರೆ ಅರ್ಥ ಇಟ್ಕೊಂಡು ಮಾತಾಡೋಕೆ ಅವರಿಗೆ ಬರ್ತಿರ್ಲಿಲ್ಲ."

"ಗದ್ದುಗೆ ಕಥೆ ಏನಕ್ಕ ಹಂಗಾದ್ರೆ?" ಎಂದ ಜವರಣ್ಣ ಮೆಲ್ಲಗೆ. "ಕುಲಕ್ಕೊಂದು ಹೆಸರು ಬರ್ತಿತ್ತು."

"ಹೆಸರಿಗೋಸ್ಕರ ಮುರಿದು ಕೂರಿಸ್ತೀಯೇನ್ಲಾ ನಿನ್ನ ಭಾವನ್ನ?"

ಅವನು ತಲೆ ತಗ್ಗಿಸಿದ. ಸ್ವಲ್ಪ ಹೊತ್ತು ಮೇಷ್ಟ್ರು ಕೈಯಲ್ಲಿದ್ದ ಪಟ್ಟಿಯನ್ನು ಸುತ್ತುತ್ತ, ಬಿಚ್ಚುತ್ತ ಕೂತಿದ್ದರು. ಆಮೇಲೆ ಬಗ್ಗಿ ಎಡಗಾಲಿನ ಗಂಟು ಬಿಡಿಸಿದರು. ಅವರೇ ತೋಳು ಕೊಟ್ಟು ಗುರುವನ್ನು ಚಾಪೆಯ ಮೇಲೆ ಮಲಗಿಸಿದರು. ಕಾಲು ನೀಳವಾಗಿ ಚಾಚಿಕೊಂಡಿತು. ದೇವೀರಮ್ಮ ಎರಡೂ ಪಾದ ಜೋಡಿಸಿ, ಪಂಚೆಯ ಅಂಚನ್ನು ಎಳೆದು ಮುಚ್ಚಿದಳು. ಆಮೇಲೆ ಅವಳಿಗೆ ಅಳು ಬಂತು. ಬೆಳಗಿನಿಂದ ಬಾರದ್ದು, ಒಮ್ಮೆಗೇ, ಜೋರಾಗಿ.

*

ಚಟ್ಟ ಹೊರಟುಹೋದ ಮೇಲೆ ಹೆಂಗಸರು ಮನೆ ತೊಳೆದರು. ಮಲಗಿಸಿದ್ದ ಜಾಗದಲ್ಲಿ ನಾಗರತ್ನ ದೀಪ ಹಚ್ಚಿಟ್ಟಳು. ಮಣ್ಣು ಮಾಡಿದವರು ದೀಪ ನೋಡಲು ಬರುವ ಹೊತ್ತು ಮೀರಿತು. ಬಿಸಿಲು ಇಳಿಯಿತು. ಗೌರಕ್ಕ ಎರಡು ಸಲ ಬೀದಿಯವರೆಗೆ ಹೋಗಿ ಇಣುಕಿ ಬಂದಳು.

ಕೊನೆಗೆ ಮೊದಲು ಬಂದವನು ಜವರಣ್ಣ. ಕಾಲು ತೊಳೆದು ದೀಪಕ್ಕೆ ಕೈಮುಗಿದು ಗೋಡೆಗೊರಗಿದ.

"ಏನ್ಲಾ ಇಷ್ಟೊತ್ತು?"

"ಏನು ಹೇಳ್ಲಿ. ಗುಂಡಿ ದುಂಡಗೆ ತೋಡಿ ಇಟ್ಟಿದ್ರು, ಬಾವಿ ಥರ. ಬ್ಯಾಡ ಅಂತ ತಿರುಗಿ ಫೋನ್ ಮಾಡೋದು ಯಾರಿಗೂ ನೆನಪಾಗ್ಲಿಲ್ಲ. ಮಲಗಿಸೋಕೆ ಉದ್ದ ಸಾಲ್ದು. ತೋಡೋರು ಇನ್ನೊಂದು ಕಡೆ ಕೆಲಸ ಅಂತ ಹೊರಟೋಗಿದ್ರು. ಗುದ್ದಲಿ ಅಲ್ಲೇ ಬಿದ್ದಿತ್ತು. ನಾನೂ ನಿಂತೆ, ಎಲ್ರೂ ನಿಂತ್ರು. ಆ ಮೇಷ್ಟ್ರು ಚಪ್ಪಲಿ ಬಿಟ್ಟು ಗುಂಡಿಗೆ ಇಳಿದೇಬಿಟ್ರು ಅಕ್ಕ. ಆಮೇಲೆ ಶಿಷ್ಯರೆಲ್ಲ. ಒಬ್ರಿಗೂ ಗುದ್ದಲಿ ಹಿಡಿದು ಗೊತ್ತಿಲ್ಲ. ಆದ್ರೂ ತೋಡಿದ್ರು. ಭಾವನ್ನ ಆರಾಮಾಗಿ ಕಾಲು ಚಾಚಿ ಮಲಗಿಸಿದ್ವಿ."

ಹಿಂದೆಯೇ ಮೇಷ್ಟ್ರೂ ಶಿಷ್ಯರೂ ಬಂದರು. ಅಂಗಳದ ಬೆಳಕಿನಲ್ಲಿ ಸಾಲಾಗಿ ನಿಂತಾಗ ದೇವೀರಮ್ಮ ನೋಡಿದಳು: ಬಿಳಿ ಜುಬ್ಬಗಳ ತುಂಬ ಕೆಮ್ಮಣ್ಣು, ಪೈಜಾಮಗಳಿಗೆ ಮೊಣಕಾಲವರೆಗೆ ಕೆಸರು. ಮೇಷ್ಟ್ರ ಅಂಗೈ ಬೊಬ್ಬೆ ಬಂದು ಒಡೆದಿತ್ತು. ಒಬ್ಬೊಬ್ಬರೇ ದೀಪ ನೋಡಿ ಹೊರಡಲು ತಿರುಗಿದರು.

"ನಿಂತ್ಕೊಳ್ಳಿ," ಎಂದಳು ದೇವೀರಮ್ಮ. "ಕೆಮ್ಮಣ್ಣು ಒಣಗಿದ್ರೆ ಆಮೇಲೆ ಜಪ್ಪಯ್ಯ ಅಂದ್ರೂ ಹೋಗಕಿಲ್ಲ. ಬಿಚ್ಚಿ ಕೊಡಿ."

"ಈ ಹೊತ್ತಿನಲ್ಲಾ ಅಮ್ಮ? ಇವತ್ತು ನೀವು..." ಎಂದರು ಮೇಷ್ಟ್ರು.

"ಸೂತಕದ ಮನೇಲಿ ಯಾರಾದ್ರೂ ಒಗೆಯೋಕೆ ಬಟ್ಟೆ ಹಾಕ್ತಾರೇನಕ್ಕ?" ಎಂದ ಜವರಣ್ಣ.

"ಊರಿನ ಸೂತಕದ ಬಟ್ಟೆಯೆಲ್ಲ ಇಷ್ಟು ದಿನ ನಮ್ಮನೆಗಲ್ದೆ ಇನ್ನೆಲ್ಲಿಗೆ ಹೋಗ್ತಿದ್ವೋ?"

ಅವಳು ಒಳಗಿನಿಂದ, ಇಸ್ತ್ರಿಗೆ ಬಂದಿದ್ದ ಯಾರ ಯಾರದೋ ಚೌಕಳಿ ಲುಂಗಿ, ದುಪ್ಪಟಿ ಎತ್ತಿಕೊಂಡು ಬಂದು ಕೈಗಿತ್ತಳು. ನೀರಿನ ತೊಟ್ಟಿಯ ಮರೆಯಲ್ಲಿ ಅವರು ಒಬ್ಬೊಬ್ಬರಾಗಿ ಉಟ್ಟು ಬಂದು ಜಗಲಿಯ ಮೇಲೆ ಕೂತರು. ಗೌರಕ್ಕ ತಂದ ಕಾಫಿಯನ್ನು ಮೇಷ್ಟ್ರು ಊರವರ ಲುಂಗಿಯಲ್ಲಿ ಕೂತು, ಒಡೆದ ಅಂಗೈ ತಾಗದ ಹಾಗೆ ಲೋಟ ಹಿಡಿದು ಕುಡಿದರು.

ದೇವೀರಮ್ಮ ಹಿತ್ತಿಲಿನ ದೊಡ್ಡ ಬಾನಿಯಲ್ಲಿ ಬಟ್ಟೆ ಮುಳುಗಿಸಿ, ಸೀರೆಯನ್ನು ಮೇಲಕ್ಕೆ ಸಿಕ್ಕಿಸಿಕೊಂಡು ಕೂತಳು. ಅಂಗೈಯಲ್ಲಿ ಮೆಲ್ಲಗೆ ಒತ್ತಿದಳು, ಬಿಟ್ಟಳು, ಒತ್ತಿದಳು. ನೀರು ಕೆಂಪಗಾಯಿತು. ಬಗ್ಗಿಸಿ ಚೆಲ್ಲಿ ಬೇರೆ ನೀರು ಹಿಡಿದಳು. ಅದೂ ಕೆಂಪಗಾಯಿತು, ಮೊದಲಿನಷ್ಟಲ್ಲ. ಅದನ್ನೂ ಚೆಲ್ಲಿ, ನಲ್ಲಿ ಮತ್ತೆ ತಿರುಗಿಸಿ, ಬಾನಿ ತುಂಬುವುದನ್ನೇ ಕಾಯುತ್ತ ಕೂತಳು.