ಕರೆದರೆ ಬರುವ ನಾಯಿ

ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಂಬ್ಯುಲೆನ್ಸಿನವರು ಸ್ಟ್ರೆಚರ್ ಎತ್ತುವ ಮೊದಲು ತಮ್ಮನ ಅಂಗಿಯ ತೋಳು ಹಿಡಿದೆಳೆದು ಅವಳು ಹೇಳಿದ್ದು ಒಂದೇ ಮಾತು.

"ದೊರೆಯನ್ನ ಹೊರಗೆ ಕರ್ಕೊಂಡು ಹೋದಾಗ ಹಗ್ಗ ಬಿಚ್ಚಬೇಡ. ಏನೇ ಆಗ್ಲಿ, ಬಿಚ್ಚಬೇಡ."

"ಇಲ್ಲಿ ಸೊಂಟ ಮುರಿದು ಬಿದ್ದಿದೀಯ, ನಿಂಗೆ ನಾಯಿ ಚಿಂತೆ!"

"ಸೊಂಟಕ್ಕೆ ಡಾಕ್ಟರ್ ಇದ್ದಾರೆ ಕಣೋ. ಅವನಿಗೆ ಯಾರಿದ್ದಾರೆ? ನೀನೇ ತಾನೆ?"

ದೊರೆ ಜಾತಿನಾಯಿಯೇನಲ್ಲ. ಬೀದಿಯಲ್ಲೇ ಹುಟ್ಟಿದ, ಒಂದು ಕಿವಿ ನಿಂತು ಇನ್ನೊಂದು ಜೋತುಬಿದ್ದ, ಕಂದು ಬಣ್ಣದ ನಾಯಿ. ಮರಿಯಾಗಿದ್ದಾಗ ಅಕ್ಕ ಎತ್ತಿಕೊಂಡು ಬಂದು ಗೋಣಿಚೀಲ ಹಾಸಿದರೆ, ಅದನ್ನು ಮೂಸಿ, ಮುಖ ತಿರುಗಿಸಿ, ಕುರ್ಚಿ ಹತ್ತಿ ಕೂತಿತಂತೆ. "ಓಹೋ, ದೊರೆಗಳಿಗೆ ನೆಲ ಆಗೋದಿಲ್ವೋ?" ಎಂದು ಅಕ್ಕ ಕೇಳಿದ್ದೇ ಹೆಸರಾಗಿ ಉಳಿಯಿತು. ಅಕ್ಕ ಶಾಲೆಯಲ್ಲಿ ವ್ಯಾಯಾಮ ಕಲಿಸುತ್ತಿದ್ದವಳು. ಕೊರಳಲ್ಲಿ ಸದಾ ಪೀಪಿ ತೂಗುತ್ತಿದ್ದುದರಿಂದ ಬೀದಿಗೆಲ್ಲ ಅವಳು ಪೀಪಿ ಟೀಚರ್. ನಿವೃತ್ತಿಯಾದ ಮೇಲೆ ಸಾಲಾಗಿ ನಿಲ್ಲಿಸಲು ಮಕ್ಕಳಿಲ್ಲದೆ, ಆ ಶಿಸ್ತನ್ನೆಲ್ಲ ದೊರೆಯ ಮೇಲೆ ಸುರಿದಿದ್ದಳು. ಕೂರು ಅಂದರೆ ಕೂರುತ್ತಿತ್ತು. ಬಾ ಅಂದರೆ ಬಾಯಲ್ಲಿ ಏನಿದ್ದರೂ ಬಿಟ್ಟು ಬರುತ್ತಿತ್ತು.

ತಮ್ಮನದು ಸೋಫಾ ರಿಪೇರಿಯ ಅಂಗಡಿ. ಹರಿದ ರೆಕ್ಸಿನ್ ಕಿತ್ತು, ಕುಸಿದ ಸ್ಪ್ರಿಂಗ್ ಬದಲಿಸಿ, ಹೊಸ ಸ್ಪಂಜು ತುಂಬಿ ಹೊಲಿದು ಕೊಡುವ ಕೆಲಸ. ಕೆಲಸ ಮಾಡುವಾಗ ತುಟಿಗಳ ನಡುವೆ ಸಣ್ಣ ಮೊಳೆಗಳ ಸಾಲು ಕಚ್ಚಿಕೊಂಡಿರುತ್ತಾನೆ. ಒಂದೊಂದಾಗಿ ತೆಗೆದು ಬಡಿಯುತ್ತಾನೆ. ಹಾಗಾಗಿ ಎಲ್ಲರಿಗೂ ಅವನು ಮೊಳೆಯಣ್ಣ. ಬಾಯಿ ತುಂಬ ಮೊಳೆ ಇರುವವನಿಗೆ ಮಾತು ಕಡಿಮೆ. ಮೊಳೆ ಇಲ್ಲದಾಗಲೂ ಕಡಿಮೆಯೇ. ಚಿಕ್ಕಂದಿನಿಂದ ಅಕ್ಕ ಹೇಳುವುದು, ಅವನು ಕೇಳುವುದು. ಮದುವೆಯಾದ ಮೇಲೆ ಹೆಂಡತಿ ಹೇಳುವುದು, ಅವನು ಕೇಳುವುದು. ಅದರಲ್ಲಿ ಅವನಿಗೇನೂ ಬೇಸರವಿರಲಿಲ್ಲ. ಅವನ ಮಾತಿಗೆ ಯಾರಾದರೂ ಎದ್ದು ಬರುವ ಸಂದರ್ಭವೇ ಬಂದಿರಲಿಲ್ಲ, ಅಷ್ಟೆ.

ಅಕ್ಕನ ಮನೆಯಿಂದ ಕರೆತಂದ ದೊರೆ ಮೊದಮೊದಲು ಅಂಗಡಿಯ ಬಾಗಿಲಿಗೆ ಮೂತಿ ಹಚ್ಚಿ ಮಲಗಿತು. ತಟ್ಟೆಗೆ ಹಾಕಿದ್ದು ಹಾಗೇ ಒಣಗಿತು. ಮೊಳೆಯಣ್ಣ ಬಾಗಿಲ ಬಳಿಯೇ ಹಳೆಯ ಸ್ಪಂಜಿನ ತುಂಡುಗಳನ್ನು ಜೋಡಿಸಿ, ಮೇಲೆ ಮೆತ್ತನೆಯ ಬಟ್ಟೆ ಹೊಲಿದು ಹಾಸಿಗೆ ಮಾಡಿಕೊಟ್ಟ. ಅದು ಮೂಸಿತು, ಹತ್ತಿತು, ಸುತ್ತು ಹಾಕಿತು, ನಿಟ್ಟುಸಿರು ಬಿಟ್ಟು ಬಿದ್ದುಕೊಂಡಿತು. ಸಂಜೆ ಹೊತ್ತಿಗೆ ತಟ್ಟೆ ಖಾಲಿಯಾಗಿತ್ತು.

ಒಂದು ದಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದವನು ಸುಮ್ಮನೆ, ನೋಡೋಣ ಎಂದು, "ದೊರೆ, ಬಾ" ಎಂದ. ಉಗುರುಗಳು ನೆಲದ ಮೇಲೆ ಟಕಟಕ ಸದ್ದು ಮಾಡುತ್ತ ಬಂದವು. ನಾಯಿ ಅವನ ಮುಂದೆ ಕೂತು ಮುಖ ನೋಡಿತು. ಮೊಳೆಯಣ್ಣನಿಗೆ ಏನು ಮಾಡಬೇಕೆಂದು ತೋಚಲಿಲ್ಲ. "ಏನಿಲ್ಲ, ಸುಮ್ನೆ ಕರ್ದೆ" ಎಂದ, ಮನುಷ್ಯರಿಗೆ ಹೇಳುವ ಹಾಗೆ.

ಅಲ್ಲಿಂದ ಅದು ಚಟವಾಯಿತು. ಅಂಗಡಿಯಲ್ಲಿ ಕರೆದ, ಬಂತು. ಹಿಂದಿನ ಗೋಡೌನಿನ ಅಂಗಳದಲ್ಲಿ ಕರೆದ, ಬಂತು. ಮುಚ್ಚಿಹೋದ ಕಾರ್ಖಾನೆಯ ಪಕ್ಕ ದೊಡ್ಡ ಮೈದಾನವೊಂದಿದೆ. ಸುತ್ತ ಗೋಡೆ. ಒಂದು ಮೂಲೆಯಲ್ಲಿ ಮಾತ್ರ ಗೋಡೆ ಒಡೆದು ರಸ್ತೆಗೆ ದಾರಿಯಾಗಿದೆ. ಬೆಳಗಿನ ಹೊತ್ತು ಅಲ್ಲಿ ವಾಕಿಂಗ್ ಬರುವವರನ್ನು ಬಿಟ್ಟರೆ ಯಾರೂ ಇರುವುದಿಲ್ಲ. ಅಲ್ಲಿ ಅವನು ಮೊದಲ ಸಲ ಹಗ್ಗದ ಕೊಕ್ಕೆ ಬಿಚ್ಚಿದ. ದೊರೆ ಬಾಣದ ಹಾಗೆ ಹೋಯಿತು. ಮೈದಾನದ ಆಚೆ ತುದಿಯಲ್ಲಿ ಒಂದು ಚುಕ್ಕೆಯಾಯಿತು. "ದೊರೆ, ಬಾ!" ಎಂದು ಕೂಗಿದ. ಚುಕ್ಕೆ ತಿರುಗಿತು. ಕಿವಿ ಹಿಂದಕ್ಕೆ ಮಡಚಿ, ನಾಲಗೆ ಗಾಳಿಗೆ ಬಿಟ್ಟು, ಇಡೀ ಮೈದಾನದಲ್ಲಿ ಅವನೊಬ್ಬನೇ ಇದ್ದಾನೆ ಎನ್ನುವಂತೆ ಓಡಿ ಬಂತು.

ಅಷ್ಟು ಖುಷಿಯಿಂದ ಅವನ ಕಡೆಗೆ ಯಾರೂ ಯಾವತ್ತೂ ಓಡಿ ಬಂದಿರಲಿಲ್ಲ.

"ಏನ್ ಮೊಳೆಯಣ್ಣ, ಮಿಲಿಟರಿ ಟ್ರೈನಿಂಗಾ?" ಎಂದು ವಾಕಿಂಗಿನವರು ನಿಂತು ನೋಡಿದರು. ಅವನು ನಾಚಿಕೊಂಡ. ಮರುದಿನ ಸ್ವಲ್ಪ ಬೇಗನೇ ಹೊರಟ.

ಆಸ್ಪತ್ರೆಯಿಂದ ಅಕ್ಕ ಫೋನಿನಲ್ಲಿ ಕೇಳಿದಳು. "ಹಗ್ಗ ಬಿಚ್ಚಿಲ್ಲ ತಾನೆ?"

"ಇಲ್ಲಕ್ಕ."

"ಕರೆದ್ರೆ ಬರ್ತಾನೆ ಅಂತ ಧೈರ್ಯ ಮಾಡಬೇಡ. ಅದೆಲ್ಲ ಕಾಂಪೌಂಡ್ ಒಳಗಿನ ಪಾಠ. ಹೊರಗೆ ಒಂದು ಬೆಕ್ಕು ಅಡ್ಡ ಬಂದ್ರೆ ನಾನ್ಯಾರೋ, ನೀನ್ಯಾರೋ."

"ಗೊತ್ತಕ್ಕ. ನೀನು ಸುಮ್ನೆ ಮಲಕ್ಕೋ."

ಹೆಂಡತಿ ಪಕ್ಕದಲ್ಲೇ ಇದ್ದವಳು, ಅವನು ಫೋನ್ ಇಟ್ಟ ಮೇಲೆ ಮುಖ ನೋಡಿದಳು. "ಯಾಕ್ರೀ ಸುಳ್ಳು ಹೇಳ್ತೀರಿ?"

"ನೀನೇ ಬಂದು ನೋಡು ಒಂದಿನ. ಕರೆದ್ರೆ ಸಾಕು, ಹೇಗೆ ಬರುತ್ತೆ ಅಂತ."

ಅವಳು ನೋಡಲು ಬರುವ ಮೊದಲೇ ಅದು ಆಗಿಹೋಯಿತು.

ಅವತ್ತು ಮೋಡ ಮುಸುಕಿದ ಬೆಳಗು. ಹಗ್ಗ ಅವನ ಹೆಗಲ ಮೇಲಿತ್ತು. ದೊರೆ ಗೋಡೆಯ ಬುಡದಲ್ಲಿ ಏನನ್ನೋ ಮೂಸುತ್ತಿತ್ತು. ಪೊದೆಯಿಂದ ಬೂದು ಬೆಕ್ಕೊಂದು ಚಿಮ್ಮಿ, ಗೋಡೆ ಒಡೆದ ಜಾಗದಿಂದ ರಸ್ತೆಗೆ ಹಾರಿತು. ಅದರ ಹಿಂದೆಯೇ ದೊರೆ. ಮೊಳೆಯಣ್ಣನಿಗೆ ಬಾಯಿ ತೆರೆಯಲೂ ಸಮಯ ಸಿಗಲಿಲ್ಲ. ಎದ್ದೆನೋ ಬಿದ್ದೆನೋ ಎಂದು ಓಡಿದ. ರಸ್ತೆಯಲ್ಲಿ ಬ್ರೇಕಿನ ಸದ್ದು ಕೇಳುತ್ತದೆ, ಈಗ ಕೇಳುತ್ತದೆ ಎಂದು ಜೀವ ಕೈಯಲ್ಲಿ ಹಿಡಿದುಕೊಂಡೇ ಓಡಿದ. ಯಾವ ಸದ್ದೂ ಕೇಳಲಿಲ್ಲ.

ಗೋಡೆಯ ಸಂದಿಯಲ್ಲಿ ನಿಂತು ನೋಡಿದರೆ ದೊರೆ ರಸ್ತೆಯ ಆಚೆ ಇತ್ತು. ಏನೂ ಆಗಿರಲಿಲ್ಲ. ಬೆಕ್ಕು ಯಾರದೋ ಗೇಟಿನ ಕಂಬದ ಮೇಲೆ ಕೂತು ಬಾಲ ಉಬ್ಬಿಸಿತ್ತು. ದೊರೆ ಕೆಳಗೆ ಫುಟ್‌ಪಾತಿನ ಮೇಲೆ ನಿಂತು, ತಲೆಯೆತ್ತಿ, ಬಾಲ ಆಡಿಸುತ್ತಿತ್ತು. ಬದುಕಿದೆ! ಅವನಿಗೆ ನೆಮ್ಮದಿಯಾಯಿತು. ನೆಮ್ಮದಿಯ ಬೆನ್ನಿಗೇ ಸಿಟ್ಟು ಬಂತು. ಸಿಟ್ಟಿನಲ್ಲಿ, ಎಡಕ್ಕಾಗಲಿ ಬಲಕ್ಕಾಗಲಿ ನೋಡದೆ, ಗಂಟಲು ಹರಿಯುವ ಹಾಗೆ ಕೂಗಿದ.

"ದೊರೆ! ಬಾ!"

ದೊರೆ ಬೆಕ್ಕನ್ನು ಬಿಟ್ಟಿತು. ತಿರುಗಿ ಅವನನ್ನು ಕಂಡಿತು. ಕಿವಿ ಹಿಂದಕ್ಕೆ ಮಡಚಿ ಓಡಿ ಬಂತು.

ಪಾರ್ಸೆಲ್ ವ್ಯಾನು ತಿರುವಿನಿಂದ ಬಂದದ್ದನ್ನು ಅವನು ಕಂಡನೋ ಇಲ್ಲವೋ ಅವನಿಗೇ ನೆನಪಿಲ್ಲ. "ನಿಲ್ಲು" ಎನ್ನುವ ಮಾತನ್ನು ಅವನು ಆ ನಾಯಿಗೆ ಯಾವತ್ತೂ ಹೇಳಿರಲಿಲ್ಲ. ಅದಕ್ಕೆ ಆ ಮಾತು ಬರುತ್ತಿತ್ತೋ ಏನೋ, ಅಕ್ಕನಿಗೇ ಗೊತ್ತು.

ಡ್ರೈವರ್ ಕೆಳಗೆ ಹಾರಿ ಬಂದ. ತಲೆಯ ಮೇಲೆ ಕೈ ಹೊತ್ತುಕೊಂಡು, "ಅಯ್ಯೋ ಅಣ್ಣಾ, ಸೀದಾ ಅಡ್ಡ ಬಂದ್ಬಿಡ್ತು ಅಣ್ಣಾ" ಎನ್ನುತ್ತಲೇ ವ್ಯಾನಿನ ಹಿಂದಿನ ಬಾಗಿಲು ತೆಗೆದು, ಪೆಟ್ಟಿಗೆಗಳನ್ನು ಪಕ್ಕಕ್ಕೆ ತಳ್ಳಿ ಜಾಗ ಮಾಡಿದ. ಅವನೇ ಪಶುವೈದ್ಯರ ಕ್ಲಿನಿಕ್ಕಿನ ಕಡೆ ಗಾಡಿ ಓಡಿಸಿದ. ಮೊಳೆಯಣ್ಣ ಪೆಟ್ಟಿಗೆಗಳ ನಡುವೆ ಕೂತು ದೊರೆಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದ. ಮೈಮೇಲೆ ಗಾಯವೇ ಕಾಣುತ್ತಿರಲಿಲ್ಲ. ಅದು ಅವನ ಮುಖವನ್ನೇ ನೋಡುತ್ತಿತ್ತು. ಕರೆದವನು ಇನ್ನೇನಾದರೂ ಹೇಳುತ್ತಾನೆ ಎಂದು ಕಾಯುವ ಹಾಗೆ. "ಏನಿಲ್ಲ ಕಂದ, ಏನಿಲ್ಲ" ಎಂದು ಅವನು ಹೇಳುತ್ತಲೇ ಇದ್ದ. ಕ್ಲಿನಿಕ್ಕಿನ ಬಾಗಿಲಿಗೆ ಬರುವಷ್ಟರಲ್ಲಿ ಅದು ನೋಡುವುದನ್ನು ನಿಲ್ಲಿಸಿತ್ತು.

ಡ್ರೈವರ್ ಹೋಗಲಿಲ್ಲ. ಗೋಡೌನಿನ ಹಿಂದೆ ಗುಂಡಿ ತೋಡಲು ಅವನೂ ಕೈ ಹಾಕಿದ. ಹೊರಡುವಾಗ, "ನಂದೂ ಒಂದಿದೆ ಅಣ್ಣಾ ಮನೇಲಿ" ಎಂದು ಗಾಡಿ ಹತ್ತಿದ.

"ಈಗಲೇ ಅತ್ತಿಗೆಗೆ ಹೇಳಬೇಡಿ. ಆಪರೇಷನ್ ಆದ ಮೈ. ಹೇಳಲೇಬೇಕು ಅಂದ್ರೆ, ಕಿತ್ಕೊಂಡು ಓಡ್ತು, ಎಷ್ಟು ಕರೆದ್ರೂ ಬರಲಿಲ್ಲ ಅನ್ನಿ. ಅವರಿಗೂ ಒಂದು ಸಮಾಧಾನ, ನಿಮಗೂ" ಎಂದಳು ಹೆಂಡತಿ. ಅವಳ ಕಣ್ಣುಗಳೂ ಊದಿಕೊಂಡಿದ್ದವು. ಗಂಡನನ್ನು ಉಳಿಸಿಕೊಳ್ಳಲು ಆಡಿದ ಮಾತೇ ಹೊರತು ಅದರಲ್ಲಿ ಬೇರೇನಿರಲಿಲ್ಲ.

ಸಂಜೆ ಆಸ್ಪತ್ರೆಗೆ ಹೋದಾಗ ಅಕ್ಕ ಅವನ ಮುಖ ನೋಡಿದವಳೇ ದಿಂಬಿನಿಂದ ತಲೆ ಎತ್ತಿದಳು.

"ದೊರೆಗೆ ಏನಾಯ್ತು?"

ಅವನು ಹೇಳಿದ. ಹೆಂಡತಿ ಹೇಳಿಕೊಟ್ಟ ಹಾಗೆಯೇ ಹೇಳಿದ. ಹಗ್ಗ ಕೈತಪ್ಪಿತು, ಬೆಕ್ಕಿನ ಹಿಂದೆ ಓಡಿತು, ಕರೆದೆ, ಕರೆದೆ, ಕೇಳಲಿಲ್ಲ.

ಅಕ್ಕ ಬಯ್ಯುತ್ತಾಳೆ ಎಂದುಕೊಂಡಿದ್ದ. ಅವಳು ಮತ್ತೆ ದಿಂಬಿಗೆ ತಲೆಯಿಟ್ಟಳು. ಆಮೇಲೆ ಕೇಳಿದಳು. "ಕರೆದ್ರೂ ಬರಲಿಲ್ವಾ?"

"ಇಲ್ಲ."

"ಒಂದ್ಸಲ ತಿರುಗಿಯೂ ನೋಡಲಿಲ್ವಾ?"

ಅವನು ತಲೆ ಅಲ್ಲಾಡಿಸಿದ.

"ನಾನು ಬಿಟ್ಟು ಬಂದೆ ಅಂತ ಸಿಟ್ಟು ಮಾಡ್ಕೊಂಡಿದ್ದ ಕಣೋ ಅವನು" ಎಂದಳು ಅಕ್ಕ. "ಇಲ್ದೇ ಇದ್ರೆ ಬರದೇ ಇರ್ತಿರಲಿಲ್ಲ. ಎಷ್ಟು ದಿನ ಕಾದಿರ್ತಾನೆ. ಇನ್ನು ಯಾರ ಮಾತೂ ಬೇಡ ಅನ್ನಿಸಿರುತ್ತೆ." ಪೀಪಿ ಟೀಚರ್ ಅತ್ತದ್ದನ್ನು ತಮ್ಮ ನೋಡಿದ್ದು ಅದೇ ಮೊದಲು. ಅಪ್ಪ ಹೋದಾಗಲೂ ಅವಳು ಇವನನ್ನು ತಬ್ಬಿಕೊಂಡು ನಿಂತಿದ್ದಳೇ ಹೊರತು ಅತ್ತಿರಲಿಲ್ಲ.

ಅಲ್ಲಿಂದ ಮುಂದೆ ಅವಳು ಏಳಲು ಒಪ್ಪಲಿಲ್ಲ. ವಾಕರ್ ಹಿಡಿದು ನಡೆಸಲು ಬಂದ ನರ್ಸಿಗೆ ಬೆನ್ನು ತಿರುಗಿಸಿದಳು. "ಹೀಗೆ ಮಲಗಿಬಿಟ್ರೆ ಆಮೇಲೆ ಏಳೋದೇ ಕಷ್ಟ ಆಗುತ್ತೆ. ನೀವಾದ್ರೂ ಹೇಳಿ" ಎಂದಳು ನರ್ಸ್. ಅವನು ಏನು ಹೇಳುವುದು? ಅಂಗಡಿಯಲ್ಲಿ ಕೂತರೆ ಮೊಳೆ ಸೊಟ್ಟಗೆ ಹೋಗುತ್ತಿತ್ತು. ಆ ನಾಯಿ ಬದುಕಿದ್ದಷ್ಟೂ ದಿನ ಒಂದೇ ಒಂದು ಮಾತು ಮೀರಿರಲಿಲ್ಲ. ಈಗ ಮಾತು ಕೇಳದ ನಾಯಿ ಎನ್ನುವ ಅಪವಾದ ಅದರ ತಲೆಗೆ. ಕೈಬಿಟ್ಟವಳು ಎನ್ನುವ ಸಂಕಟ ಅಕ್ಕನ ಎದೆಗೆ. ತಪ್ಪಿಸಿಕೊಂಡು ಆರಾಮಾಗಿ ಓಡಾಡಿಕೊಂಡಿದ್ದವನು ಇವನೊಬ್ಬ.

ಒಂದು ಮಧ್ಯಾಹ್ನ ಅರ್ಧ ಕಿತ್ತ ಸೋಫಾವನ್ನು ಹಾಗೇ ಬಿಟ್ಟು ಹೊರಟ. ವಾರ್ಡಿನಲ್ಲಿ ಸ್ಟೂಲು ಎಳೆದುಕೊಂಡು ಕೂತ.

"ಅಕ್ಕ, ಅವನು ಬಂದ."

"ಯಾರು?"

"ದೊರೆ. ಕರೆದ ಕೂಡಲೇ ಬಂದ. ಹಗ್ಗ ಕೈತಪ್ಪಲಿಲ್ಲ, ನಾನೇ ಬಿಚ್ಚಿದ್ದೆ. ದಿನಾ ಬಿಚ್ತಿದ್ದೆ. ಬೆಕ್ಕಿನ ಹಿಂದೆ ಹೋದ, ರಸ್ತೆ ದಾಟಿದ, ಏನೂ ಆಗಲಿಲ್ಲ. ಆಚೆ ನಿಂತಿದ್ದ. ನಾನು ಈ ಕಡೆಯಿಂದ ಕರೆದೆ. ನಾನು ಕರೆದಿದ್ದಕ್ಕೇ ಬಂದ."

ಅಕ್ಕ ಅವನನ್ನೇ ನೋಡಿದಳು. "ಆಚೆ ನಿಂತಿದ್ದನಾ?"

"ಹೂಂ."

"ಸುಮ್ನೆ ನಿಂತಿದ್ದನಾ?"

"ಬಾಲ ಆಡಿಸ್ತಾ ನಿಂತಿದ್ದ."

"ನೀನು ದಾಟಿ ಹೋಗಿ ಹಿಡ್ಕೋಬಹುದಿತ್ತು."

"ಹಿಡ್ಕೋಬಹುದಿತ್ತು ಅಕ್ಕ."

ಅವಳು ಕಣ್ಣು ಮುಚ್ಚಿಕೊಂಡಳು. "ಹೋಗು" ಎಂದಳು ಅಕ್ಕ. "ನನ್ನ ಕಣ್ಣೆದುರು ಇರಬೇಡ."

ಅವನು ಎದ್ದು ಹೋದ. ಮರುದಿನದಿಂದ ಊಟದ ಡಬ್ಬಿಯನ್ನು ಹೆಂಡತಿ ಒಯ್ದಳು. ಅಕ್ಕ ವಾಕರ್ ಹಿಡಿದು ಎದ್ದು ನಿಂತಳು ಎಂಬ ಸುದ್ದಿಯನ್ನು ತಂದವಳೂ ಅವಳೇ. "ಸಿಟ್ಟಲ್ಲೇ ನಡೀತಾರೆ ನೋಡಿ. ನರ್ಸೇ ಹೆದರ್ತಾಳೆ" ಎಂದಳು. ನಿಮ್ಮನ್ನು ಕೇಳಿದರು ಎಂದು ಮಾತ್ರ ಒಂದು ದಿನವೂ ಹೇಳಲಿಲ್ಲ. ಸಮಾಧಾನಕ್ಕೆ ಅದೊಂದು ಸುಳ್ಳು ಹೇಳಬಹುದಿತ್ತು. ಸುಳ್ಳಿನ ಸಹವಾಸ ಅವಳಿಗೂ ಸಾಕಾಗಿತ್ತು.

ಸೊಂಟದ ಆಪರೇಷನ್ ಆದವರು ತಗ್ಗಿನ ಕುರ್ಚಿಯಲ್ಲಿ ಕೂರುವಂತಿಲ್ಲ. ಮೊಳೆಯಣ್ಣ ಗಟ್ಟಿ ಮರದ ಕುರ್ಚಿಯೊಂದಕ್ಕೆ ಕಾಲು ಎತ್ತರಿಸಿ, ಕುಸಿಯದ ಸ್ಪಂಜು ಹಾಕಿ, ಕೈಯೂರಿ ಏಳಲು ಅನುಕೂಲವಾಗುವಂತೆ ತೋಳಿಗೂ ಮೆತ್ತೆ ಹೊಲಿದ. ಅಕ್ಕ ಮನೆಗೆ ಬರುವ ಮೊದಲೇ ಅದನ್ನು ಅವಳ ಕಿಟಕಿಯ ಬಳಿ ಇಟ್ಟು ಬಂದ. ಕೂತಳೋ ಇಲ್ಲವೋ ಎಂದು ಹೆಂಡತಿಯನ್ನು ಕೇಳಲು ಧೈರ್ಯವಾಗಲಿಲ್ಲ.

ಬಹಳ ದಿನಗಳ ಮೇಲೆ ಒಂದು ಸಂಜೆ ಹೆಂಡತಿಗೆ ಜ್ವರ ಬಂತು. ಡಬ್ಬಿ ತೆಗೆದುಕೊಂಡು ಅವನೇ ಹೋಗಬೇಕಾಯಿತು. ಅಕ್ಕ ಆ ಕುರ್ಚಿಯಲ್ಲೇ ಕೂತಿದ್ದಳು. ಅವನು ಡಬ್ಬಿಯನ್ನು ಮೇಜಿನ ಮೇಲಿಟ್ಟು ತಿರುಗಿದ.

"ನಾನು ನಡೆಯೋ ಹೊತ್ತು ಇದು" ಎಂದಳು ಅವಳು ಹಿಂದಿನಿಂದ. "ಪಕ್ಕದಲ್ಲಿ ಒಬ್ಬರು ಇರಬೇಕಂತೆ."

ಅವನು ಕೈ ಚಾಚಿದ. ಅವಳು ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಅವನ ಮುಂಗೈ ಹಿಡಿದು ಎದ್ದಳು. ಹಿಡಿತ ಬಿಗಿಯಾಗಿತ್ತು, ನೋವಾಗುವಷ್ಟು. ಹಜಾರ ದಾಟಿ, ಮೆಟ್ಟಿಲಿಳಿದು, ಗೇಟಿನವರೆಗೆ ಬಂದರು.

"ನಿನ್ನ ಮೇಲಿನ ಸಿಟ್ಟು ಹೋಗಿಲ್ಲ" ಎಂದಳು.

"ಗೊತ್ತು."

"ಹೋಗುತ್ತೆ ಅಂತಾನೂ ಹೇಳೋಕಾಗಲ್ಲ."

"ಹೂಂ."

ಗೇಟು ಹಿಡಿದು ನಿಂತು ಅವಳು ಉಸಿರು ಸುಧಾರಿಸಿಕೊಂಡಳು. ಬೀದಿಯಲ್ಲಿ ಯಾರೋ ಸೈಕಲ್ಲಿನಲ್ಲಿ ಹೋಗುತ್ತ "ಟೀಚರ್, ಹೇಗಿದೀರಾ?" ಎಂದರು. ಅವಳು ಕೋಲು ಎತ್ತಿ ತೋರಿಸಿದಳು.

"ಎಲ್ಲಿ ಹೂಳಿದೀಯ?"

"ಅಂಗಡಿ ಹಿಂದೆ. ಗೋಡೌನಿನ ಗೋಡೆ ಪಕ್ಕ. ಬಿಸಿಲು ಬೀಳುತ್ತೆ ಅಲ್ಲಿ."

ಅವಳು ಬೀದಿಯ ತುದಿಯವರೆಗೆ ಕಣ್ಣು ಹಾಯಿಸಿದಳು, ದೂರ ಅಳೆಯುವವಳ ಹಾಗೆ.

"ಅಷ್ಟು ದೂರ ಇನ್ನೂ ಆಗಲ್ಲ ನಂಗೆ" ಎಂದಳು.

ಅವಳ ಕೈ ಅವನ ಮುಂಗೈಯ ಮೇಲೆ ಹಾಗೇ ಇತ್ತು. ಇಬ್ಬರೂ ನಿಧಾನವಾಗಿ ಮನೆಯ ಕಡೆಗೆ ತಿರುಗಿದರು.